ಬಾಗಿಲು ಬಡಿದವನ ಸಾಕ್ಷಿ

ಬೆಳಗಾಗುತ್ತಿದ್ದಂತೆಯೇ ಬಾಗಿಲ ಗಂಟೆ ಬಾರಿಸಿತು. ಪುಟ್ಟಿಯ ಎದೆ ಧಸಕ್ಕೆಂದಿತು!

ಬಿದ್ದೆನೋ ಎದ್ದೆನೋ ಎಂದು ಓಡಿಬಂದು ಬಾಗಿಲು ತೆಗೆದರೆ, ಎದುರಿಗೆ ಒಬ್ಬ ಅಪರಿಚಿತ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಬೀಗ ಹಾಕಿದ ಪುಟ್ಟ ಪೆಟ್ಟಿಗೆ.

"ಕ್ರೀಡಾ ಮಂಡಳಿಯಿಂದ ಬಂದಿದೀನಿ. ನಿಮ್ಮ ರಕ್ತ ತಗೋಬೇಕು."

ಇಂಥ ಮಾತನ್ನು ಇಷ್ಟು ಮೆತ್ತಗೆ ಹೇಳುವವರನ್ನು ಅವಳು ಕಂಡಿರಲಿಲ್ಲ.

ಪುಟ್ಟಿ ಅನ್ನುವುದು ಮನೆಯ ಹೆಸರು. ಹೊರಗೆ ಅವಳು ದೂರದ ಓಟದಲ್ಲಿ ದೇಶವೇ ತಿರುಗಿ ನೋಡುವ ಓಟಗಾರ್ತಿ. ಓಟಗಾರರು ಮದ್ದು ತಗೊಂಡು ಓಡುತ್ತಿಲ್ಲ ತಾನೇ ಎಂದು ನೋಡಲು ಮಂಡಳಿಯವರು ಹೇಳದೆ ಕೇಳದೆ ಬರುತ್ತಾರೆ. ಅದಕ್ಕಾಗಿ ದಿನಕ್ಕೆ ಒಂದು ಗಂಟೆ ತಾನು ಎಲ್ಲಿ ಸಿಗುತ್ತೇನೆಂದು ಅವಳು ಮೊದಲೇ ತಿಳಿಸಿಡಬೇಕು. ಆ ಗಂಟೆಯಲ್ಲಿ ಸಿಗದಿದ್ದರೆ ಅದು ತಪ್ಪು. ಒಂದೇ ವರ್ಷದಲ್ಲಿ ಅಂಥ ಮೂರು ತಪ್ಪಾದರೆ ಎರಡು ವರ್ಷ ಓಡುವ ಹಾಗಿಲ್ಲ.

ಪುಟ್ಟಿಯ ಹೆಸರಿಗೆ ಆಗಲೇ ಎರಡು ಬಿದ್ದಿದ್ದವು. ಮೊದಲನೆಯದಕ್ಕೆ ಕೆಟ್ಟು ನಿಂತ ಬಸ್ಸು ಕಾರಣ. ಎರಡನೆಯದಕ್ಕೆ ಅವಳ ಮರೆವೇ ಕಾರಣ, ತರಬೇತಿ ಶಿಬಿರಕ್ಕೆ ಹೋಗುವಾಗ ವಿಳಾಸ ಬದಲಿಸಿರಲಿಲ್ಲ. ವಯಸ್ಸು ಮೂವತ್ತರ ಹತ್ತಿರ. ಎರಡು ವರ್ಷ ಕೂತರೆ ಮತ್ತೆ ಓಡುವುದು ಕನಸಿನ ಮಾತೇ. ಅಂದಿನಿಂದ ಅವಳ ಕಣ್ಣಿಗೆ ನೆಟ್ಟಗೆ ನಿದ್ದೆ ಹತ್ತಿರಲಿಲ್ಲ.

ಸಾವಿರಾರು ಜನರೆದುರು ಓಡುವ ಈ ಧೀರೆಗೆ ಸೂಜಿ ಕಂಡರೆ ಕೈಕಾಲು ತಣ್ಣಗಾಗುತ್ತದೆ ಅನ್ನುವುದು ಬೇರೆ ಮಾತು. ಅವನು ಅದನ್ನು ಗಮನಿಸಿದ. ಹೋದ ಸಲದ ಪಂದ್ಯದಲ್ಲಿ ಕೊನೆಯ ಸುತ್ತು ಹೇಗೆ ಓಡಿದಿರಿ ಎಂದು ಕೇಳಿದ. ಅವಳು ಹೇಳುತ್ತಾ ಹೋದಳು. ಮುಂದಿದ್ದವಳ ಉಸಿರು ಕೇಳಿಸುವಷ್ಟು ಹತ್ತಿರ ಬಂದೆ ಅನ್ನುವಷ್ಟರಲ್ಲಿ ನೋಡಿದರೆ, ತೋಳಿನ ಮೇಲೆ ಹತ್ತಿ ಕೂತಿದೆ. ಕೆಲಸ ಮುಗಿದೇ ಹೋಗಿದೆ!

ಪೆಟ್ಟಿಗೆ ಮುಚ್ಚಿ ಬೀಗ ಹಾಕಿದ ಮೇಲೂ ಅವನು ಏಳಲಿಲ್ಲ.

"ಮುಂದೇನಾಯ್ತು ಅಂತ ಹೇಳ್ಲೇ ಇಲ್ಲ ನೀವು."

ಅಷ್ಟೇ ಸಾಕಾಯಿತು ಅವಳಿಗೆ.

ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅಕ್ಕ ರಾತ್ರಿ ಪಾಳಿ ಮುಗಿಸಿ ಬಂದವಳು ತೋಳಿನ ಹತ್ತಿ ನೋಡಿ ಹುಬ್ಬೇರಿಸಿದಳು. ಇಷ್ಟು ವರ್ಷದಲ್ಲಿ ತನಗೆ ಒಂದು ದಿನವೂ ಸೂಜಿ ಚುಚ್ಚಲು ಕೈ ಕೊಡದವಳು ಯಾವನೋ ದಾರಿಹೋಕನಿಗೆ ಕೊಟ್ಟಳಲ್ಲ ಎಂದು ಗೇಲಿ ಮಾಡಿದಳು. ಅವನಿಗೆ 'ಸೂಜಿ ಸಾಹೇಬ್ರು' ಎಂದು ಹೆಸರಿಟ್ಟವಳೂ ಅವಳೇ.

ಸೂಜಿ ಸಾಹೇಬರು ಮತ್ತೆ ಬಂದರು. ಮತ್ತೊಮ್ಮೆ ಬಂದರು. ಪುಟ್ಟಿ ಆ ಒಂದು ಗಂಟೆಗೆ ಮುಂಚೆ ತಲೆ ಬಾಚಿಕೊಂಡು ಕೂರುವುದನ್ನು ಅಕ್ಕ ಕಳ್ಳಗಣ್ಣಿನಲ್ಲಿ ನೋಡಿ ನಕ್ಕಳು. ಮದ್ದಿನ ಪರೀಕ್ಷೆಗೆ ಇಷ್ಟು ಅಲಂಕಾರ ಮಾಡಿಕೊಳ್ಳುವವರನ್ನು ನೀವೆಲ್ಲಾದರೂ ಕಂಡಿದ್ದೀರಾ?

ಹೀಗಿರುವಾಗ ಪುಟ್ಟಿ ಒಂದು ಗುಡಾರ ತರಿಸಿಕೊಂಡಳು. ಹಾಸಿಗೆಯ ಸುತ್ತ ಕಟ್ಟುವ ಪ್ಲಾಸ್ಟಿಕ್ಕಿನ ಗುಡಾರ. ಒಳಗೆ ಮಲಗಿದರೆ ಬೆಟ್ಟದ ತುದಿಯ ತೆಳು ಗಾಳಿಯಲ್ಲಿ ಮಲಗಿದ ಹಾಗೆ, ಓಟಗಾರರ ಉಸಿರು ಗಟ್ಟಿಯಾಗುತ್ತದೆ. ನಿಯಮದಲ್ಲಿ ಇದಕ್ಕೆ ಅಡ್ಡಿಯಿಲ್ಲ. ಗಾಳಿ ತೆಳುವಾಗಿಸುವ ಮೋಟಾರು ಮಾತ್ರ ತಲೆಯ ಪಕ್ಕದಲ್ಲೇ ಬೆಳಗಿನವರೆಗೆ ಗುಂಯ್ ಎನ್ನುತ್ತಿರುತ್ತದೆ. ಬಾಗಿಲ ಗಂಟೆ ಕೇಳುತ್ತದೋ ಇಲ್ಲವೋ ಎಂದು ಮೊದಲ ದಿನವೇ ಅಕ್ಕನಿಂದ ಒತ್ತಿಸಿ ನೋಡಿದ್ದಳು. ಕೇಳಿತ್ತು.

ಒಂದು ಬೆಳಿಗ್ಗೆ, ಅಕ್ಕ ಇನ್ನೂ ಪಾಳಿಯಿಂದ ಬಂದಿರಲಿಲ್ಲ, ಗುಡಾರದಲ್ಲಿ ಎಂದೂ ಇಲ್ಲದಷ್ಟು ಹೊತ್ತು ಮಲಗಿದ್ದ ಪುಟ್ಟಿ ಏಳುತ್ತಿದ್ದಂತೆ ಫೋನಿಗೆ ಮಂಡಳಿಯ ಸಂದೇಶ ಬಂತು. ಅಧಿಕಾರಿ ನಿಗದಿತ ಗಂಟೆಯಲ್ಲಿ ಬಂದು ಬಾಗಿಲು ಬಡಿದರು, ಯಾರೂ ತೆರೆಯಲಿಲ್ಲ, ಇದು ಮೂರನೆಯದು, ವಿಚಾರಣೆಗೆ ಹಾಜರಾಗಬೇಕು. ಕೆಳಗೆ ಸೂಜಿ ಸಾಹೇಬರ ಸಹಿ.

ಪುಟ್ಟಿಗೆ ನಿಂತ ನೆಲವೇ ಕುಸಿದಂತಾಯಿತು. ನಾನು ಮನೆಯಲ್ಲೇ ಇದ್ದೆನಲ್ಲ... ಗಂಟೆ ಬಾರಿಸಲೇ ಇಲ್ಲವಲ್ಲ! ಹಾಗಾದರೆ ಬಾರದೆಯೇ ಬಂದೆ ಅಂತ ಬರೆದನಾ? ಅಷ್ಟು ಮೆತ್ತಗೆ ಮಾತಾಡುವವನು ಇಷ್ಟು ಸಲೀಸಾಗಿ ನನ್ನ ಕತ್ತು ಕೊಯ್ದನಾ?

ವಿಚಾರಣೆ ಮುಗಿಯುವವರೆಗೆ ಅವನು ಅವಳನ್ನು ನೋಡುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಅದೂ ನಿಯಮವೇ. ಅದನ್ನರಿಯದ ಅವಳಿಗೆ ಗೊತ್ತಿದ್ದದ್ದು ಅವನು ಬಾಯಿ ಬಿಡಲಿಲ್ಲ ಅನ್ನುವುದಷ್ಟೇ.

ಆಮೇಲಿನ ದಿನಗಳು ಯಾವ ಶತ್ರುವಿಗೂ ಬೇಡ. ಗೇಟು ಕಿರುಗುಟ್ಟಿದರೂ ಬೆಚ್ಚುತ್ತಿದ್ದಳು. ಮೈದಾನಕ್ಕೆ ಹೋದರೆ ಕೋಚ್ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. 'ಮದ್ದು ತಗೊಂಡೇ ಬಾಗಿಲು ಹಾಕ್ಕೊಂಡಿದ್ದಳಂತೆ' ಎಂದು ಹುಡುಗಿಯರು ಬಟ್ಟೆ ಬದಲಿಸುವ ಕೋಣೆಯಲ್ಲಿ ಗುಸುಗುಸು ಅನ್ನುತ್ತಿದ್ದುದು ಕಿವಿಗೆ ಬಿತ್ತು. ಅಕ್ಕ ರಜೆ ಹಾಕಿ ಅವಳ ಪಕ್ಕದಲ್ಲೇ ಮಲಗತೊಡಗಿದಳು.

ವಿಚಾರಣೆಯ ಕೋಣೆ ದೊಡ್ಡದೇನಲ್ಲ. ಉದ್ದನೆಯ ಮೇಜು, ಅದರಾಚೆ ಮೂವರು. ನಡುವೆ ಕೂತವರು ನಿವೃತ್ತ ನ್ಯಾಯಾಧೀಶರು, ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. ಪುಟ್ಟಿಯ ಕಾಲು ಮೇಜಿನ ಕೆಳಗೆ ನಡುಗುತ್ತಿತ್ತು. ಓಟದ ಗೆರೆಯ ಮೇಲೆ ಎಂದೂ ನಡುಗದ ಕಾಲು.

ಅವಳ ಪರವಾಗಿ ವಕೀಲಮ್ಮ ಗುಡಾರದ ವಿಷಯ, ಮೋಟಾರಿನ ವಿಷಯ ಎಲ್ಲ ವಿವರಿಸಿದರು. ಮಂಡಳಿಯ ವಕೀಲರು ಎದ್ದು ಒಂದೇ ಮಾತು ಕೇಳಿದರು.

"ಅಂಥ ಸದ್ದಿನಲ್ಲಿ ಮಲಗಿದ್ದು ಯಾರ ತಪ್ಪು?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಮುಗಿಯಿತು... ಇನ್ನು ಉಳಿದಿರುವುದು ಅವನೊಬ್ಬನ ಸಾಕ್ಷಿ. ಬಂದು ಕೊನೆಯ ಮೊಳೆ ಹೊಡೆದು ಹೋಗುತ್ತಾನೆ.

ಅವನು ಬಂದ. ಸೊರಗಿ ಹೋಗಿದ್ದ. ನಿಜವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದ. ಬಾಗಿಲು ಬಡಿದಿರಾ ಎಂದು ಮಂಡಳಿಯ ವಕೀಲರು ಕೇಳಿದರು. ಬಡಿದೆ ಎಂದ. ತೆರೆಯಲಿಲ್ಲವಾ ಎಂದರು. ಇಲ್ಲ ಎಂದ. ಅವರು ಕೂತರು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು.

ನ್ಯಾಯಾಧೀಶರು ಕನ್ನಡಕ ಮೇಲೇರಿಸಿದರು. "ಹೇಗೆ ಬಡಿದ್ರಿ?"

ಅವನು ಬೆರಳು ಮಡಚಿ ತೋರಿಸಿದ.

"ಬೆರಳ ಗಿಣ್ಣಲ್ಲಿ. ಮೆತ್ತಗೆ."

"ಗಂಟೆ ಇರಲಿಲ್ವಾ?"

"ಇತ್ತು. ಒತ್ತಲಿಲ್ಲ."

ಮಂಡಳಿಯ ವಕೀಲರು ಧಡಕ್ಕನೆ ಎದ್ದರು. ನ್ಯಾಯಾಧೀಶರು ಕೈಸನ್ನೆಯಲ್ಲೇ ಕೂರಿಸಿದರು. ಯಾಕೆ ಒತ್ತಲಿಲ್ಲ ಎಂದು ಕೇಳಿದರು.

ಅವನು ಪುಟ್ಟಿಯ ಕಡೆ ನೋಡಲಿಲ್ಲ. ಮೇಜನ್ನೇ ನೋಡುತ್ತಾ ಹೇಳಿದ. ಪರಿಚಯದವರನ್ನು, ಬೇಕಾದವರನ್ನು ಪರೀಕ್ಷೆ ಮಾಡಬಾರದು ಅನ್ನುವುದು ಅವರ ಕೆಲಸದ ಮೊದಲ ನಿಯಮ. ಇವರ ಮನೆಗೆ ಇನ್ನು ನನ್ನನ್ನು ಕಳಿಸಬೇಡಿ ಎಂದು ಮೇಲಿನವರನ್ನು ಕೇಳಿಕೊಂಡಿದ್ದ. ಬೇರೆ ಯಾರೂ ಸಿಗಲಿಲ್ಲವೆಂದು ಮತ್ತೆ ಅವನನ್ನೇ ಅಟ್ಟಿದರು. ಬಾಗಿಲು ತೆರೆದರೆ ರಕ್ತ ತೆಗೆಯಬೇಕು. ತೆಗೆದ ಮೇಲೆ ನಾಳೆ ಯಾರಿಗಾದರೂ ಅವನ ಮನಸ್ಸಿನ ವಿಷಯ ಗೊತ್ತಾದರೆ, ಅವಳ ಶುದ್ಧವಾದ ಪರೀಕ್ಷೆಗಳ ಮೇಲೆಲ್ಲ ಕಪ್ಪು ಚುಕ್ಕೆ.

"ಬಾಗಿಲು ತೆರೀದೇ ಇದ್ರೆ ನಾಳೆ ಬೇರೆಯವರು ಬರ್ತಾರೆ ಅನ್ಕೊಂಡೆ ಸರ್. ಒಂದು ತಪ್ಪಿದ್ರೆ ಯಾರಿಗೂ ಏನೂ ಆಗಲ್ಲ. ಇವರಿಗೆ ಮೊದಲೇ ಎರಡು ಇದೆ ಅಂತ ನಮಗೆ ಹೇಳೋದಿಲ್ಲ. ಹೇಳಬಾರದು ಅಂತಲೇ ನಿಯಮ ಇದೆ."

"ಒಳಗೆ ಯಾರಾದ್ರೂ ಇದಾರೆ ಅಂತ ಅನಿಸ್ತಾ?"

"ಮೋಟಾರಿನ ಸದ್ದು ಕೇಳಿಸ್ತಿತ್ತು. ಇದಾರೆ ಅಂತ ಗೊತ್ತಿತ್ತು." ಅವನ ದನಿ ಒಡೆಯಿತು. "ನನ್ನದೇ ತಪ್ಪು."

"ಮನಸ್ಸಿನ ವಿಷಯ ಅಂದ್ರಲ್ಲ. ಏನದು?"

"ನನಗೆ ಅವರು ಅಂದ್ರೆ ಪ್ರಾಣ, ಸರ್. ಅವರಿಗೆ ಇದು ಗೊತ್ತಿಲ್ಲ."

ಮೂಲೆಯಲ್ಲಿ ಕೂತು ಟೈಪು ಮಾಡುತ್ತಿದ್ದಾಕೆ ಅದನ್ನೂ ಟೈಪು ಮಾಡಿದಳು. ಅಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು. ಪುಟ್ಟಿಯ ಕೆನ್ನೆ ಒದ್ದೆಯಾಗಿತ್ತು, ಆದರೆ ಭಯ ಒಂದಿಷ್ಟೂ ಇಳಿದಿರಲಿಲ್ಲ. ಪ್ರೀತಿಗೆ ಕರಗಿ ಕಾನೂನು ಬಿಟ್ಟುಬಿಡುತ್ತದೆಯೇ?

ಹೊರಗೆ ಕಾಯಿರಿ ಎಂದರು. ಕಾರಿಡಾರಿನ ಬೆಂಚಿನ ಮೇಲೆ ಅಕ್ಕ ಅವಳ ಕೈ ಹಿಡಿದುಕೊಂಡಳು. ಅವನು ಇನ್ನೊಂದು ತುದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಒಂದೊಂದು ನಿಮಿಷವೂ ಅವಳ ಜೀವ ಹಿಂಡಿತು. ಒಳಗೆ ಕರೆದಾಗ ಅಕ್ಕನ ಕೈ ಬಿಡದೆಯೇ ಎದ್ದು ಹೋದಳು.

ನ್ಯಾಯಾಧೀಶರು ಓದಿದರು. ಓಟಗಾರ್ತಿ ಹೇಳಿದ ಜಾಗದಲ್ಲಿ, ಹೇಳಿದ ಹೊತ್ತಿನಲ್ಲಿ ಇದ್ದಳು. ಅವಳನ್ನು ಕರೆಯಲು ಅಧಿಕಾರಿ ತಕ್ಕ ಪ್ರಯತ್ನ ಮಾಡಲಿಲ್ಲ. ಇದನ್ನು ಅವಳ ತಪ್ಪೆಂದು ಎಣಿಸಲಾಗದು. ಅಧಿಕಾರಿಯ ಮೇಲೆ ಮಂಡಳಿ ಕ್ರಮ ತೆಗೆದುಕೊಳ್ಳಲಿ.

ಅಕ್ಕ ಗೊಳೋ ಎಂದು ಅತ್ತುಬಿಟ್ಟಳು. ಪುಟ್ಟಿಗೆ ಅಳುವೂ ಬರಲಿಲ್ಲ. ಅವನು ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಹೋಗುವುದನ್ನೇ ನೋಡುತ್ತಿದ್ದಳು.

ಮೆಟ್ಟಿಲ ಮೇಲೆ ಅವನನ್ನು ಹಿಡಿದಳು. ಓಟದಲ್ಲಿ ಅವಳನ್ನು ಮೀರಿಸುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ ಬಿಡಿ.

"ನಿಲ್ಲಿ." ಅವಳ ದನಿಯಲ್ಲಿ ಸಿಟ್ಟಿತ್ತು. "ಇಷ್ಟು ದಿನ ನಾನು ಹೇಗೆ ಬದುಕಿದೀನಿ ಗೊತ್ತಾ? ಪ್ರತಿದಿನ ಸತ್ತಿದೀನಿ. ನೀವು ನನ್ನ ಮುಗಿಸೋಕೇ ಬರೆದ್ರಿ ಅನ್ಕೊಂಡಿದ್ದೆ."

"ಬಯ್ಯಿರಿ. ಎಷ್ಟು ಬೇಕಾದ್ರೂ ಬಯ್ಯಿರಿ."

"ಬಯ್ತೀನಿ. ನನ್ನ ಒಳ್ಳೇದು ಏನು ಅಂತ ನನ್ನನ್ನ ಕೇಳದೆ ನೀವೊಬ್ರೇ ಯಾಕೆ ತೀರ್ಮಾನ ಮಾಡಿದ್ರಿ?"

ಅವನು ತಲೆ ತಗ್ಗಿಸಿದ. ಕೆಲಸ ಹೋಗಿತ್ತು, ಮಾನ ಹೋಗಿತ್ತು, ಇವಳೂ ಹೋದಳು ಎಂದು ಅವನು ಆಗಲೇ ಅಂದುಕೊಂಡುಬಿಟ್ಟಿದ್ದ.

ಪುಟ್ಟಿಯ ಸಿಟ್ಟು ಅಷ್ಟರಲ್ಲೇ ಸೋರಿಹೋಯಿತು. ಬಾಯಿ ಮುಚ್ಚಿಕೊಂಡಿದ್ದರೆ ಇವನ ಕೆಲಸ ಉಳಿಯುತ್ತಿತ್ತು... ನನ್ನ ಓಟ ಹೋಗುತ್ತಿತ್ತು.

"ಒಳಗೆ ಮೂರು ಜನರ ಮುಂದೆ ಒಂದು ಮಾತು ಹೇಳಿದ್ರಲ್ಲ," ಎಂದಳು ಮೆಲ್ಲಗೆ. "ಅದನ್ನ ಯಾಕೆ ನನಗೆ ಹೇಳ್ಲಿಲ್ಲ?"

"ಅಲ್ಲಿ ಪ್ರಮಾಣ ಮಾಡಿದ್ದೆ. ಹೇಳ್ದೇ ಇರೋ ಹಾಗಿರಲಿಲ್ಲ."

"ಇಲ್ಲಿ ಪ್ರಮಾಣ ಇಲ್ಲ. ನ್ಯಾಯಾಧೀಶರೂ ಇಲ್ಲ. ಹೇಳ್ಬೇಕು ಅಂತೇನೂ ಇಲ್ಲ."

ಅವನು ತಲೆಯೆತ್ತಿದ. "ಅಲ್ಲಿಗಿಂತ ಇಲ್ಲೇ ಹೆಚ್ಚು ಭಯ ಆಗ್ತಿದೆ."

"ನನಗೂ," ಎಂದಳು ಪುಟ್ಟಿ. ಅವನ ಕೈ ಹಿಡಿದುಕೊಂಡಳು. "ಆದ್ರೂ ಹೇಳಿ."