ಬರ್ತೇನೆ ಅಂದವನು ಕಳವಾದಲ್ಲಿ ಇಳಿದ

"ಅಲ್ಲಿ ಕುಚ್ಚಲಕ್ಕಿ ಸಿಗ್ತದಾ?"

ಯತಿನ್ ಇದನ್ನು ಕೇಳಿದ್ದು ಮುಂಬ್ರಾ ಬೆಟ್ಟದ ಮೆಟ್ಟಿಲ ಮೇಲೆ ಕೂತು. ಅದಕ್ಕೂ ಮೊದಲು ನಾನು ಶಿಲ್ಲಾಂಗಿನ ಬಗ್ಗೆ ಗಂಟಲು ಒಣಗುವಷ್ಟು ಮಾತಾಡಿದ್ದೆ. ಮೋಡ, ಪೈನ್ ಮರ, ಜಲಪಾತ, ಮೇ ತಿಂಗಳಲ್ಲೂ ಸ್ವೆಟರ್, ಒಂದನ್ನೂ ಬಿಟ್ಟಿರಲಿಲ್ಲ. ಎಲ್ಲ ಕೇಳಿ, ನನ್ನ ಬಾಟಲಿಯ ನೀರನ್ನೂ ಕುಡಿದು ಮುಗಿಸಿ, ಈ ಮಹಾಶಯ ಕೇಳಿದ ಪ್ರಶ್ನೆ ಇದು.

"ಯತಿನ್, ನಾನು ಇರ್ಲಿಕ್ಕೆ ಊರು ಹುಡುಕ್ತಾ ಇದ್ದೇನೆ. ಮೆಸ್ ಅಲ್ಲ."

"ಅಲ್ಲ ಮಾರಾಯ್ತಿ, ಮೂರು ಹೊತ್ತು ಪೈನ್ ಮರ ನೋಡಿದ್ರೆ ಹೊಟ್ಟೆ ತುಂಬ್ತದಾ?"

ಹೇಳಿ ನನ್ನ ಕಡೆ ತಿರುಗಿದ. ಅವನಿಗೆ ಒಂದು ಕೆಟ್ಟ ಅಭ್ಯಾಸ ಉಂಟು. ನನಗೆ ಸಿಟ್ಟು ಬರುತ್ತಿದೆ ಎಂದು ಗೊತ್ತಾದ ಕೂಡಲೇ ಎಡಗಡೆಯ ಹುಬ್ಬನ್ನು ಮಾತ್ರ ಮೇಲೆತ್ತಿ, ತುಟಿ ಕಚ್ಚಿ, ನನ್ನ ಮೂಗಿನ ತುದಿಯನ್ನೇ ನೋಡುತ್ತಾನೆ. ಮೂಗು ಕೆಂಪಾಗುವುದನ್ನು ಕಾಯುತ್ತಾನಂತೆ. ಅದು ಕೆಂಪಾಗಿಯೇ ಆಗುತ್ತದೆ, ಸಿಟ್ಟಿಗೋ ಮತ್ತೊಂದಕ್ಕೋ ನನಗೂ ಗೊತ್ತಿಲ್ಲ.

ಅದು ಎರಡು ಸಾವಿರದ ಹನ್ನೆರಡರ ಬೇಸಿಗೆ. ಥಾಣೆಯ ಕಾಲೇಜಿನಲ್ಲಿ ನಮ್ಮಿಬ್ಬರ ಬಿ.ಕಾಂ. ಪರೀಕ್ಷೆ ಮುಗಿದಿತ್ತು. ಡೊಂಬಿವಲಿಯಲ್ಲಿ ನಮ್ಮ ಮನೆ ಟೆರೇಸಿನ ಕೆಳಗಿನ ಮಹಡಿಯಲ್ಲಿ. ಏಪ್ರಿಲ್ ಬಂತೆಂದರೆ ನಲ್ಲಿಯಲ್ಲಿ ಚಹಾ ಮಾಡುವಷ್ಟು ಬಿಸಿ ನೀರು, ಕರೆಂಟ್ ಹೋದರೆ ಗೋಡೆಯೂ ಬೆವರುತ್ತದೆ. ಹುಟ್ಟಿದಾಗಿನಿಂದ ನಾನು ಈ ಸೆಕೆಯಲ್ಲಿ ಬೆಂದವಳು. ಕಾಲೇಜು ಮುಗಿದ ಮರುದಿನವೇ ತಂಪಾದ ಊರಿಗೆ ಹೋಗಿ ಬದುಕಬೇಕು, ರಜಾ ಇದ್ದಾಗ ಬೆಟ್ಟ ಹತ್ತಬೇಕು, ಇದು ನನ್ನ ಹಟ. ಜೊತೆಗೆ ಯತಿನ್ ಇರಬೇಕು ಎಂಬುದನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆ ಅರ್ಥ ಮಾಡಿಕೊಳ್ಳುವಷ್ಟು ಬುದ್ಧಿ ಅವನಿಗೆ ಇದೆ ಎಂದುಕೊಂಡದ್ದು ನನ್ನ ಗ್ರಹಚಾರ.

ಅವನ ಪರಿಚಯವಾದದ್ದೂ ಬೆಟ್ಟದಲ್ಲೇ. ಮೊದಲ ವರ್ಷ ಕಾಲೇಜಿನವರು ಮಾಹುಲಿ ಕೋಟೆಗೆ ಕರೆದುಕೊಂಡು ಹೋಗಿದ್ದರು. ಅರ್ಧ ದಾರಿಯಲ್ಲಿ ನನ್ನ ಶೂ ಬಾಯಿ ಬಿಟ್ಟಿತು. ಹಿಂದಿನಿಂದ ಬರುತ್ತಿದ್ದ ಒಬ್ಬ ಹುಡುಗ ಮಾತಿಲ್ಲದೆ ತನ್ನ ಶೂಲೇಸ್ ಬಿಚ್ಚಿ, ನನ್ನ ಶೂವನ್ನು ಬಾಳೆಎಲೆಯ ಕಟ್ಟು ಬಿಗಿಯುವ ಹಾಗೆ ಬಿಗಿದು, ತಾನು ಲೇಸಿಲ್ಲದ ಶೂ ಎಳೆಯುತ್ತ ಇಳಿದ. ಕೆಳಗೆ ಬಂದ ಮೇಲೆ ಕನ್ನಡದಲ್ಲಿ ಕೇಳಿದ, "ನೀವು ನಮ್ಮ ಕಡೆಯವರಾ?" ಆವತ್ತೇ ನನ್ನ ಕಥೆ ಮುಗಿಯಿತು.

ಈಗ ಅದೇ ಮನುಷ್ಯ ನಾನು ಆರಿಸಿದ ಊರುಗಳನ್ನೆಲ್ಲ ಒಂದೊಂದಾಗಿ ಕೊಲ್ಲುತ್ತಿದ್ದ.

ನಾಸಿಕ್ ಅಂದೆ. "ದ್ರಾಕ್ಷಿ ಸಿಗ್ತದೆ, ಸರಿ. ಬೂತಾಯಿ ಮೀನು ಸಿಗ್ತದಾ?"

ಮೈಸೂರು ಅಂದೆ. "ನನ್ನ ಕನ್ನಡ ಕೇಳಿ ಆ ಜನ ನಗ್ತಾರೆ."

ಪುಣೆ ಅಂದೆ. "ಮಧ್ಯಾಹ್ನ ಅಂಗಡಿ ಮುಚ್ಚಿ ಮಲಗ್ತಾರೆ. ಹಸಿವಾದ್ರೆ ಎಂತ ಮಾಡುದು?"

ಡೆಹ್ರಾಡೂನ್ ಅಂದೆ. ಸ್ವಲ್ಪ ಹೊತ್ತು ಯೋಚಿಸಿದ. ಒಪ್ಪಿಯೇಬಿಟ್ಟ ಅಂದುಕೊಂಡೆ. ಆಮೇಲೆ ಹೇಳಿದ, "ತೆಂಗಿನಕಾಯಿ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬರಲು ಮನಸ್ಸಿಲ್ಲದವನಿಗೆ ಅಕ್ಕಿಯೂ ನೆವ, ಕಾಯಿಯೂ ನೆವ. ನೇರವಾಗಿ "ನಾನು ಬರುವುದಿಲ್ಲ" ಅನ್ನಲಿಕ್ಕೆ ಇವನಿಗೆ ಧೈರ್ಯವಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟೆ.

ಅಷ್ಟರಲ್ಲಿ ಡೆಹ್ರಾಡೂನಿನಿಂದ ಫೋನ್ ಬಂತು. ನಾನು ಅರ್ಜಿ ಹಾಕಿದ್ದ, ಮಕ್ಕಳನ್ನು ಬೆಟ್ಟಗಳಿಗೆ ಕ್ಯಾಂಪಿಗೆ ಕರೆದೊಯ್ಯುವ ಒಂದು ಸಣ್ಣ ಕಂಪನಿ. ವಾರವಿಡೀ ಆಫೀಸ್ ಕೆಲಸ, ಶನಿವಾರ ಭಾನುವಾರ ಮಕ್ಕಳ ಜೊತೆ ನಡಿಗೆ. ಜೂನಿನಲ್ಲಿ ಸೇರಿಕೊಳ್ಳಿ ಎಂದರು. ಪಪ್ಪ ಎರಡು ದಿನ ಮುಖ ಗಂಟು ಹಾಕಿ, ಮೂರನೆಯ ದಿನ "ಹೋಗುದಾದ್ರೆ ಹೋಗು" ಎಂದರು. ಅಮ್ಮ ಸ್ವೆಟರ್ ಹುಡುಕಲು ಶುರುಮಾಡಿದರು. ಉಳಿದದ್ದು ಒಬ್ಬನೇ.

ಮಾರ್ಕ್‌ಶೀಟಿಗಾಗಿ ಕಾಲೇಜಿಗೆ ಹೋದ ದಿನ ಥಾಣೆಯಿಂದ ಒಟ್ಟಿಗೆ ಹೊರಟೆವು. ಡೊಂಬಿವಲಿಗೆ ಫಾಸ್ಟ್ ಲೋಕಲ್ ಸಿಗುತ್ತದೆ, ಆದರೆ ಅದು ಕಳವಾದಲ್ಲಿ ನಿಲ್ಲುವುದಿಲ್ಲ. ಯತಿನ್ ಇಳಿಯುವುದು ಕಳವಾದಲ್ಲಿ, ಥಾಣೆ ಬಿಟ್ಟರೆ ಮುಂದಿನ ಸ್ಟೇಷನ್. ಅವನ ಜೊತೆ ಆ ಒಂದೇ ಒಂದು ಸ್ಟೇಷನ್ ಇರಲಿಕ್ಕೆಂದು ನಾನು ಮೂರು ವರ್ಷ ಫಾಸ್ಟ್ ಬಿಟ್ಟು ಸ್ಲೋ ಹತ್ತಿದ್ದೇನೆ. ಲೇಡೀಸ್ ಡಬ್ಬ ಬಿಟ್ಟು ಜನರಲ್ ಹತ್ತಿ ಕಂಡವರ ಬೆವರು ಒರೆಸಿಕೊಂಡಿದ್ದೇನೆ. ಇದನ್ನೆಲ್ಲ ಯಾರಿಗೆ ಹೇಳುವುದು!

ರೈಲು ಹಿನ್ನೀರಿನ ಖಾಡಿಯ ಸೇತುವೆ ಮೇಲೆ ಬಂದಾಗ ಹೇಳಿದೆ.

"ಡೆಹ್ರಾಡೂನ್ ಕೆಲಸ ಸಿಕ್ಕಿತು. ಜೂನಿನಲ್ಲಿ ಹೋಗ್ಬೇಕು."

ಅವನ ಹುಬ್ಬು ಈ ಸಲ ಮೇಲೇರಲಿಲ್ಲ. ಕಣ್ಣು ನನ್ನ ಮೂಗಿನಿಂದ ಮೇಲೆ ಬಂದು ನನ್ನ ಕಣ್ಣಲ್ಲೇ ನಿಂತಿತು. ಹಾಗೆ ಅವನು ಯಾವತ್ತೂ ನೋಡಿರಲಿಲ್ಲ. ಖಾಡಿಯ ಗಾಳಿಗೆ ನನ್ನ ದುಪಟ್ಟಾ ಹಾರಿ ಅವನ ಶರಟಿನ ಬಟನ್ನಿಗೆ ಸಿಕ್ಕಿತು. ಅವನು ಬಿಡಿಸಲಿಲ್ಲ, ನಾನೂ ಬಿಡಿಸಲಿಲ್ಲ.

"ಜೂನಿನಲ್ಲಾ? ಈ ಜೂನಿನಲ್ಲಾ?"

"ಈ ಜೂನೇ. ನೀನು ಬರ್ತೀಯಾ, ಇಲ್ವಾ? ಅಕ್ಕಿ ಕಾಯಿ ಎಲ್ಲ ಎತ್ತಬೇಡ. ಕಳವಾ ಬರುವ ಮೊದಲು ಹೇಳ್ಬೇಕು."

ಅವನು ಬಾಯಿ ತೆರೆದ. ಆಗಲೇ ಹಿಂದಿನಿಂದ "ಕಳವಾ ಉತರ್‌ನಾ ಹೈ ಕ್ಯಾ? ಚಲೋ, ಚಲೋ!" ಎಂದು ಇಳಿಯುವ ಜನ ನುಗ್ಗಿತು. ದುಪಟ್ಟಾ ಬಟನ್ನಿನ ಸಮೇತ ನನ್ನ ಕಡೆ ಬಂತು, ಯತಿನ್ ಪ್ಲಾಟ್‌ಫಾರ್ಮಿನ ಕಡೆ ಹೋದ. ಅಲ್ಲಿಂದ ಕೈ ಎತ್ತಿ, ಗದ್ದಲದ ಮೇಲೆ ಕೂಗಿದ.

"ರಮಿತಾ, ಬರ್ತೇನೆ!"

ರೈಲು ಹೊರಟಿತು.

ನಮ್ಮ ಕರಾವಳಿಯವರು ಹೊರಡುವಾಗ "ಹೋಗ್ತೇನೆ" ಅನ್ನುವುದಿಲ್ಲ. ಅಪಶಕುನ. ಪಕ್ಕದ ಬಿಲ್ಡಿಂಗಿಗೆ ಹೋಗುವುದಾದರೂ "ಬರ್ತೇನೆ" ಅನ್ನಬೇಕು. ತುಳುವಿನಲ್ಲೂ ಹಾಗೆಯೇ. ಯತಿನ್ ಚಿಕ್ಕವನಿದ್ದಾಗ ಒಮ್ಮೆ "ಪೋಪೆ", ಅಂದರೆ ಹೋಗ್ತೇನೆ, ಅಂದು ಅಜ್ಜಿಯ ಕೈಯಲ್ಲಿ ತಲೆಗೆ ಸರಿಯಾಗಿ ಮೊಟಕಿಸಿಕೊಂಡಿದ್ದನಂತೆ. ಅಲ್ಲಿಂದ ಈಚೆಗೆ ಅವನ ಬಾಯಲ್ಲಿ ಆ ಮಾತೇ ಇಲ್ಲ. ಮೂರು ವರ್ಷ ದಿನಾ ಕಳವಾದಲ್ಲಿ ಇಳಿಯುವಾಗ ಹೀಗೇ ಕೈ ಎತ್ತಿ ಇದೇ "ಬರ್ತೇನೆ".

ಅಂದರೆ ಟಾಟಾ! ನಾನು ಜೀವನದ ಪ್ರಶ್ನೆ ಕೇಳಿದರೆ ಈ ಪುಣ್ಯಾತ್ಮ ದಿನದ ಹಾಗೆ ಟಾಟಾ ಮಾಡಿ ಮನೆಗೆ ಹೋದ. ಮುಂಬ್ರಾ ಬರುವಷ್ಟರಲ್ಲಿ ನಾನು ಅಳುತ್ತಿದ್ದೆ. ದಿವಾದಲ್ಲಿ ಹತ್ತಿದ ಒಬ್ಬ ಆಂಟಿ "ಕಾಯ್ ಝಾಲ ಗ?" ಎಂದು ಮರಾಠಿಯಲ್ಲಿ ಏನಾಯಿತೆಂದು ವಿಚಾರಿಸಿದರು. ಕಣ್ಣಿಗೆ ಧೂಳು ಬಿತ್ತು ಅಂದೆ. ಆ ಬಟನ್ನನ್ನು ಕಿಟಕಿಯಿಂದ ಎಸೆಯಬೇಕೆಂದಿದ್ದೆ, ಎಸೆಯಲಿಲ್ಲ.

ಮರುದಿನ ಅವನ ಫೋನ್ ಬಂತು. ಕಟ್ ಮಾಡಿದೆ. ಸಂಜೆ ಬಂತು, ಕಟ್. ಇವನಿಗೆ ಬೇಜಾರಾದರೂ ಆಗಲಿ ಎಂದರೆ, ಆರಾಮಾಗಿ ಒಂದು ಮೆಸೇಜ್ ಕಳಿಸಿದ: "ಸಿಗ್ತೇನೆ, ಸ್ವಲ್ಪ ಬಿಜಿ." ಬಿಜಿಯಂತೆ ಬಿಜಿ!

ನಾಲ್ಕು ದಿನ ಡೆಹ್ರಾಡೂನಿನ ಫೋಟೋ ನೋಡಿದೆ. ಅದೇ ಬೆಟ್ಟ, ಅದೇ ಮೋಡ, ಆದರೆ ಒಂದೂ ನನ್ನನ್ನು ಕರೆಯಲಿಲ್ಲ. ಅವನ ಜೊತೆ ಹತ್ತಿದರೆ ಬೆಟ್ಟ, ಒಬ್ಬಳೇ ಹತ್ತಿದರೆ ಬರೀ ಏರು. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಗಿಂತ ಸಿಟ್ಟು ಹೆಚ್ಚು ಬಂತು. ಐದನೆಯ ದಿನ ಕ್ಯಾಂಪ್ ಕಂಪನಿಯ ಮ್ಯಾಡಮ್‌ಗೆ ಫೋನ್ ಮಾಡಿ, ನನಗೆ ಬರಲಿಕ್ಕೆ ಆಗುವುದಿಲ್ಲ ಎಂದು ಹೇಳಿಬಿಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಮ್ಮ ಪಾಪ, ಸ್ವೆಟರಿಗೆ ಬಟನ್ ಹೊಲಿಯುತ್ತಲೇ ಇದ್ದರು.

ಭಾನುವಾರ ಬೆಲ್ ಆಯಿತು. ಪಪ್ಪ ಬನಿಯನ್ನಿನಲ್ಲಿ ಪೇಪರ್ ಓದುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ಬಂಗುಡೆ ಮೀನು ಶುಚಿ ಮಾಡುತ್ತಿದ್ದರು. ಬಾಗಿಲು ತೆಗೆದರೆ ಯತಿನ್. ಹೆಗಲ ಮೇಲೆ ಒಂದು ಚೀಲ, ಮೈಯೆಲ್ಲ ಬೆವರು, ನೀಲಿ ಶರಟಿನಲ್ಲಿ ಒಂದು ಬಟನ್ ಇಲ್ಲ.

ನನ್ನ ಕಾಲೇಜಿನ ಗೆಳೆಯನೆಂದಷ್ಟೇ ಮನೆಯಲ್ಲಿ ಗೊತ್ತಿದ್ದ ಅವನು ನನ್ನನ್ನು ದಾಟಿ ನೇರ ಅಮ್ಮನನ್ನು ಕೂಗಿದ. "ಆಂಟಿ, ಇದನ್ನು ಎಲ್ಲಿ ಇಡ್ಲಿ?"

"ಎಂತದು ಅದು?"

"ಕುಚ್ಚಲಕ್ಕಿ. ಡೆಹ್ರಾಡೂನಿಗೆ. ನಮ್ಮ ಮನೆಯಲ್ಲಿ ಇಟ್ರೆ ಹೋಗುವ ಮೊದಲೇ ಬೇಯಿಸಿ ಮುಗಿಸ್ತಾರೆ."

ನನ್ನ ಕೈ ಬಾಗಿಲ ಚಿಲಕದ ಮೇಲೆಯೇ ಉಳಿಯಿತು. "ಡೆಹ್ರಾಡೂನಿಗೆ ಯಾರು ಹೋಗ್ತಾರೆ?"

"ಯಾರೆಂದ್ರೆ? ನೀನು, ನಾನು."

ಪೇಪರ್ ಕೆಳಗಿಳಿಯಿತು. ಪಪ್ಪನ ಕನ್ನಡಕ ಕಾಣಿಸಿತು.

ಯತಿನ್ ಚೀಲ ಇಳಿಸಿ ಗೋಡೆಗೆ ಒರಗಿಸಿದ. "ನಮ್ಮ ಬಿಲ್ಡಿಂಗಿನ ಪೂವಪ್ಪಣ್ಣನ ಪರಿಚಯದವರದ್ದು ಅಲ್ಲಿ ಉಡುಪಿ ಹೋಟೆಲ್ ಉಂಟು. ಲೆಕ್ಕ ನೋಡ್ಲಿಕ್ಕೆ ಜನ ಬೇಕಂತೆ. ಈ ವಾರ ಪೂರಾ ಅವರ ಹಿಂದೆ ಬಿದ್ದು ಮಾತಾಡಿದೆ. ಅಕ್ಕಿ ಸಿಗುದಿಲ್ಲ, ಕಾಯಿ ಸಿಗ್ತದೆ, ಮೀನು ನದೀದ್ದು, ಸಪ್ಪೆ. ಏನು ಮಾಡುದು, ತಿನ್ನುವಾ."

"ನೀನು ಬರ್ತೇನೆ ಅಂತ ನನಗೆ ಯಾವಾಗ ಹೇಳಿದ್ದು?"

"ಕಳವಾದಲ್ಲಿ! ನೀನು ಬರ್ತೀಯಾ ಅಂತ ಕೇಳಿದಿ. ಬರ್ತೇನೆ ಅಂದೆ. ಇನ್ನೆಂತ ಹೇಳ್ಬೇಕಿತ್ತು, ಮೈಕ್ ಹಿಡಿದು?"

"ಅದು ನೀನು ದಿನಾ ಹೇಳುವ ಬರ್ತೇನೆ! ನೀನು ಹೋದಿ ಅಂತ ನಾನು…"

"ಎಲ್ಲಿಗೆ ಹೋದೆ? ಮನೆಗೆ ಹೋದೆ! ನನ್ನ ಮನೆ ಇರುದೇ ಕಳವಾದಲ್ಲಿ!"

"ನಾನು ಫೋನ್ ಕಟ್ ಮಾಡಿದಾಗಲಾದ್ರೂ ಗೊತ್ತಾಗ್ಬಾರ್ದಾ?"

"ಕಟ್ ಮಾಡಿದ್ರೆ ಅಂಕಲ್ ಪಕ್ಕದಲ್ಲಿ ಇದ್ದಾರೆ ಅಂತ ಅಲ್ವಾ? ಮೂರು ವರ್ಷದಿಂದ ಹಾಗೇ ತಾನೇ?"

"ಓಹೋ," ಎಂದರು ಪಪ್ಪ.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಮೀನಿನ ಕೈಯನ್ನು ಮೇಲೆತ್ತಿಕೊಂಡೇ ನಗತೊಡಗಿದರು. ನನಗೆ ನಗು ಬರಲಿಲ್ಲ.

"ಯತಿನ್, ನಾನು ಆ ಕೆಲಸ ಬೇಡ ಅಂದುಬಿಟ್ಟೆ."

ಅಮ್ಮನ ನಗು ನಿಂತಿತು. ಯತಿನ್ ಅಕ್ಕಿ ಚೀಲದ ಮೇಲೆಯೇ ಕೂತ.

"ಬೇಡ ಅಂದ್ಯಾ? ಹಾಗಾದ್ರೆ ನಾನೊಬ್ಬನೇ ಆ ಚಳಿಯಲ್ಲಿ ಎಂತ ಮಾಡ್ಲಿ? ನನಗೆ ಚಳಿ ತಡಿಲಿಕ್ಕೇ ಆಗುದಿಲ್ಲ, ಗೊತ್ತುಂಟಾ? ಬೆಟ್ಟ ಹತ್ತಿದ್ರೆ ಮಂಡಿ ಹಿಡಿತದೆ. ಮೂರು ವರ್ಷ ಹತ್ತಿದ್ದು ನೀನು ಮುಂದೆ ಹತ್ತಿದಿ ಅಂತ. ಬರುದಿಲ್ಲ ಅಂತಿದ್ರೆ ನಾನು ಅಕ್ಕಿ ಯಾಕೆ ಕೇಳ್ತಿದ್ದೆ ಮಾರಾಯ್ತಿ? ಊರು ನೋಡಿ ಬರುವವ ಹೋಟೆಲಲ್ಲಿ ತಿಂತಾನೆ. ಅಲ್ಲೇ ಸಂಸಾರ ಮಾಡುವವನಿಗೆ ತಾನೇ ಅಕ್ಕಿ ಬೇಕಾಗುದು?"

ಸಂಸಾರ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಕೇಳಿಸಿತು. ಕಿವಿ ಕೆಂಪಾಯಿತು. ಶಿಲ್ಲಾಂಗ್, ನಾಸಿಕ್, ಪುಣೆ ಎಲ್ಲ ಊರುಗಳಲ್ಲೂ ಇವನು ಮನಸ್ಸಿನಲ್ಲೇ ನನ್ನ ಜೊತೆ ಮನೆ ಮಾಡಿ, ಒಲೆ ಹಚ್ಚಿ, ಎಸರು ಇಟ್ಟು ನೋಡಿದ್ದ. ನಾನು ಪೈನ್ ಮರ ಎಣಿಸುತ್ತ ಕೂತಿದ್ದೆ. ನನಗೆ ಅವನ ಮೇಲೆ ಅಷ್ಟು ಪ್ರೀತಿ ಬಂತು, ಅಷ್ಟೇ ಸಿಟ್ಟೂ ಬಂತು. ಈ ಎರಡು ಮಾತನ್ನು ಮುಂಬ್ರಾದಲ್ಲೇ ಹೇಳಲಿಕ್ಕೆ ಇವನಿಗೆ ಏನಾಗಿತ್ತು?

ಪಪ್ಪ ಪೇಪರ್ ಮಡಚಿದರು. ಮಡಚಿದ್ದನ್ನು ಮತ್ತೊಮ್ಮೆ ಮಡಚಿದರು.

"ನಾನು ಕಾರ್ಕಳದ ಸೆಕೆ ಬಿಟ್ಟು ಡೊಂಬಿವಲಿಯ ಸೆಕೆಗೆ ಬಂದವ," ಎಂದರು. "ನೀವಾದ್ರೂ ತಂಪಿಗೆ ಹೋಗಿ. ಆದ್ರೆ ಹೀಗೆ ಚೀಲ ಹೊತ್ತು ಹೋಗುವ ಹಾಗಿಲ್ಲ. ನೀನು ಮೊದಲು ಅಪ್ಪ ಅಮ್ಮನನ್ನು ಇಲ್ಲಿಗೆ ಕರ್ಕೊಂಡು ಬಾ. ಮಾತು ನಮ್ಮ ನಮ್ಮೊಳಗೆ ಆಗ್ಲಿ. ರಮಿತಾ, ನೀನು ಆ ಮ್ಯಾಡಮ್‌ಗೆ ಫೋನ್ ಮಾಡು."

ಮಾಡಿದೆ. ಭಾನುವಾರ ಫೋನ್ ಮಾಡಿದ್ದಕ್ಕೆ ಮ್ಯಾಡಮ್ ಹಿಂದಿಯಲ್ಲಿ ಚೆನ್ನಾಗಿ ಬೈದರು. ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ, ಆದರೆ ಇನ್ನೊಮ್ಮೆ ಮನಸ್ಸು ಬದಲಿಸಿದರೆ ಜಾಗ್ರತೆ ಎಂದರು. ಇಲ್ಲ ಮ್ಯಾಡಮ್, ಅಕ್ಕಿ ತಂದಾಗಿದೆ ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ.

ಯತಿನ್ ಎದ್ದ. ಇವತ್ತೇ ಮನೆಯಲ್ಲಿ ಹೇಳಬೇಕು ಎಂದ. ನಾನು ಬಾಗಿಲವರೆಗೆ ಹೋದೆ, ಮುಷ್ಟಿಯಲ್ಲಿ ಆ ಬಟನ್ ಇತ್ತು. ಅವನ ಅಂಗೈಯಲ್ಲಿ ಇಟ್ಟೆ. ಅವನು ಬಟನ್ ನೋಡಿದ, ನನ್ನ ನೋಡಿದ, ಎಡ ಹುಬ್ಬು ನಿಧಾನಕ್ಕೆ ಮೇಲೇರಿತು.

ಒಂದು ಚಪ್ಪಲಿ ಹಾಕಿಕೊಂಡು ಬಾಯಿ ತೆರೆದವನು ಹಾಗೇ ನಿಂತ.

"ಎಂತ?" ಎಂದೆ.

"ಎಂತ ಹೇಳಿ ಹೊರಡುದು ಅಂತ ಗೊತ್ತಾಗ್ತಿಲ್ಲ. ಬರ್ತೇನೆ ಅಂದ್ರೆ ನೀನು ಅಳ್ತಿ. ಹೋಗ್ತೇನೆ ಅಂದ್ರೆ ಆಂಟಿ ಮೊಟಕ್ತಾರೆ."

ಒಳಗೆ ಬಂಗುಡೆ ಹುರಿಯುವ ವಾಸನೆ ಎದ್ದಿತ್ತು. ಅಮ್ಮ ಆಗಲೇ ಅವನಿಗೂ ಒಂದು ಬಟ್ಟಲು ಇಡುತ್ತಿದ್ದ ಸದ್ದು ಕೇಳಿಸಿತು.

"ಹಾಗಾದ್ರೆ ಹೋಗ್ಲೇಬೇಡ ಮಾರಾಯ," ಎಂದೆ.

ಅವನು ಚಪ್ಪಲಿ ಬಿಚ್ಚಿದ.