ಕನಸಿಗೆ ಗ್ಯಾರಂಟಿ ಇದ್ದ ಕಂಬಳಿ

ಒಂದಾನೊಂದು ಊರಿನಲ್ಲಿ ಒಬ್ಬಳು ಅಜ್ಜಿ ಇದ್ದಳು. ಅಜ್ಜಿಗೊಂದು ರಾಟೆ, ರಾಟೆಗೆ ಮುಗಿಯದ ಉಣ್ಣೆ, ಉಣ್ಣೆಯ ಜೊತೆ ನೂಲಲು ಮುಗಿಯದ ಕಥೆ. ಅಜ್ಜಿಗೊಬ್ಬಳು ಮೊಮ್ಮಗಳು. ಮೊಮ್ಮಗಳ ಕೈಯಲ್ಲೊಂದು ಫೋನು. ಇನ್ನು ಅನಾಹುತ ಆಗದೆ ಇರುತ್ತದೆಯೇ?

ಆ ಊರು ಹಾಲುರಾಮೇಶ್ವರದ ಪಕ್ಕದಲ್ಲಿದೆ. ಅಜ್ಜಿಯ ಹೆಸರು ಏಕನಾಥಮ್ಮ. ಮೊಮ್ಮಗಳು ಕಾವ್ಯಶ್ರೀ, ಅಂದರೆ ನಾನೇ.

ನಮ್ಮ ಮನೆಯಲ್ಲಿ ಅಜ್ಜಿ ನೂಲುತ್ತಾಳೆ, ಚಿಕ್ಕಪ್ಪ ಹಾಲಸ್ವಾಮಿ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟುಕೊಂಡು ಕಂಬಳಿ ನೇಯುತ್ತಾನೆ. ಸಂತೆಯಲ್ಲಿ ಜನ ಹೂವಿನ ಚಿತ್ರದ ಮೆತ್ತನೆಯ ರಗ್ಗುಗಳಿಗೆ ಮನಸೋತ ಮೇಲೆ ನಮ್ಮ ಕಂಬಳಿಗಳು ಮೂಲೆಯಲ್ಲಿ ಸೂರು ಮುಟ್ಟುವಷ್ಟು ಬೆಳೆದಿದ್ದವು.

"ದಸರಾದೊಳಗೆ ಇವು ಖಾಲಿ ಆಗ್ಲಿಲ್ಲಾಂದ್ರೆ ಗುಂಡಿ ಮುಚ್ಚಿ ಹಿಟ್ಟಿನ ಗಿರಣಿ ಇಡ್ತೀನಿ," ಅಂದ ಚಿಕ್ಕಪ್ಪ.

ಅಜ್ಜಿ ರಾಟೆಯಿಂದ ಕೈ ತೆಗೆದಳು. ರಾಟೆ ನಿಂತುಹೋಯಿತು. ನಾನು ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಅದು ನಿಂತಾಗ ನನ್ನ ಎದೆಯೊಳಗೂ ಏನೋ ನಿಂತಂತಾಯಿತು. ಅವತ್ತೇ ಇನ್‌ಸ್ಟಾಗ್ರಾಮಿನಲ್ಲಿ 'ಅಜ್ಜಿ ಕಂಬಳಿ' ಅನ್ನುವ ಪೇಜು ತೆರೆದೆ.

ಮೊದಲು ಉದ್ದ, ಅಗಲ, ಶುದ್ಧ ಉಣ್ಣೆ ಎಂದೆಲ್ಲ ಬರೆದು ಹಾಕಿದೆ. ಲೈಕ್ ಒತ್ತಿದವರಲ್ಲಿ ನಾನೂ ಒಬ್ಬಳು. ಆಮೇಲೆ ನಮ್ಮ ಟಗರು ಬೀರನ ಜೊತೆ ಒಂದು ರೀಲ್ ಮಾಡಹೊರಟೆ. ಹಿನ್ನೆಲೆಗೆ ಕೊಳಲು ಹಾಕಿದ್ದೆ. ಬೀರನಿಗೆ ಕೊಳಲು ಹಿಡಿಸಲಿಲ್ಲ. ಹಗ್ಗ ಹಿಡಿದಿದ್ದ ನನ್ನನ್ನು ಕಣದ ತುಂಬ ಎಳೆದಾಡಿ ಗೊಬ್ಬರದ ಗುಡ್ಡೆಯ ಮೇಲೆ ಕೆಡವಿದ. ಅವಸರದಲ್ಲಿ ಅದೇ ಅಪ್‌ಲೋಡ್ ಆಗಿಬಿಟ್ಟಿತ್ತು. ಟೀ ಕುದಿಯುವಷ್ಟರಲ್ಲಿ ಡಿಲೀಟ್ ಮಾಡಿದೆ. ಯಾರೂ ನೋಡಿರಲಿಕ್ಕಿಲ್ಲ ಎಂದುಕೊಂಡೆ.

ಕೊನೆಗೆ ಅಜ್ಜಿಯ ಕಥೆಗೇ ಕೈ ಹಾಕಿದೆ. ಚಂದ್ರನ ಹಟ್ಟಿಯಿಂದ ತಪ್ಪಿಸಿಕೊಂಡ ಕುರಿ, ಅದರ ಉಣ್ಣೆಯಲ್ಲಿ ನೇಯ್ದ ಕಂಬಳಿ. "ಇದನ್ನು ಹೊದ್ದು ಮಲಗಿದರೆ ಕೈ ಹಿಡಿಯುವವರು ಕನಸಿನಲ್ಲಿ ಬರುತ್ತಾರೆ. ಗ್ಯಾರಂಟಿ!"

ಗ್ಯಾರಂಟಿ ಅನ್ನುವ ಪದ ಅಜ್ಜಿಯದಲ್ಲ, ನನ್ನದು.

ಮರುದಿನವೇ ಹೊಳಲ್ಕೆರೆಯಿಂದ ಆರ್ಡರ್ ಬಂತು. ಕನಕರಾಜ್, ಮೋಟರ್ ರಿವೈಂಡಿಂಗ್ ಅಂಗಡಿ. ಕುಣಿದಾಡಿ ಕಂಬಳಿ ಕಳಿಸಿದೆ. ವಾರ ಕಳೆಯುವುದರೊಳಗೆ ಎಲ್ಲರಿಗೂ ಕಾಣುವ ಹಾಗೆ ಅವನ ಕಾಮೆಂಟು ಬಂತು.

"ಮೇಡಂ, ಕಂಬಳಿ ಹಲಗೆ ಇದ್ದಂಗೈತೆ. ಹುಣಸೆ ವಾಸನೆ. ಕನಸಲ್ಲಿ ಕೈ ಹಿಡಿಯೋಳು ಬರ್ಲಿಲ್ಲ, ಒಂದು ಕೊಂಬು ಮುರಿದಿರೋ ಟಗರು ಬಂತು. ಅದನ್ನೇ ಮದುವೆ ಆಗ್ಲಾ?"

ನನ್ನ ಕಥೆಗಿಂತ ಅವನ ದೂರಿಗೇ ಹೆಚ್ಚು ಲೈಕು! ಮೈಯೆಲ್ಲ ಉರಿದುಹೋಯಿತು. ಉತ್ತರ ಬರೆದೆ.

"ಸಾರ್, ಹೊಸ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿರ್ತಾರೆ. ಹೊದ್ದಷ್ಟೂ ಮೆತ್ತಗಾಗುತ್ತೆ. ಮನುಷ್ಯರೂ ಹಂಗೇ ಆಗಿದ್ರೆ ಚೆನ್ನಾಗಿತ್ತು. ನಿಮಗೆ ಸರಿಯಾದ ಕನಸು ಬೀಳೋ ತನಕ ಜವಾಬ್ದಾರಿ ನಮ್ಮದು. ಇದು ಏಕನಾಥಮ್ಮನ ಮೊಮ್ಮಗಳ ಮಾತು."

ಕೊಟ್ಟ ಮೇಲೆ ಮಾತು ಮಾತೇ. ಚಿತ್ರದುರ್ಗದ ಬಂಡೆಗಳೆಲ್ಲ ಮಾತು ತಪ್ಪಿ ಕಲ್ಲಾದವರೇ ಎಂದು ಅಜ್ಜಿ ನನ್ನನ್ನು ಚಿಕ್ಕಂದಿನಲ್ಲೇ ನಂಬಿಸಿದ್ದಳು. ಅಷ್ಟೊಂದು ಬಂಡೆ ನೋಡಿದ ಮೇಲೆ ನನಗೆ ಜನರ ಮೇಲೆ ಅಷ್ಟಾಗಿ ನಂಬಿಕೆ ಉಳಿದಿರಲಿಲ್ಲ. ನಾನು ಮಾತ್ರ ಬಂಡೆಯಾಗಬಾರದು ಅಂತಿತ್ತು.

ಆಮೇಲೆ ಜಿಲ್ಲೆಗೆ ಜಿಲ್ಲೆಯೇ ಅವನ ನಿದ್ದೆಯ ಬೆನ್ನು ಬಿತ್ತು. ಬೆಳಗಾದರೆ ಸಾಕು, "ಅಣ್ಣಾ, ಕನಸು ಬಿತ್ತಾ?"

"ಇಲ್ಲ. ಇವತ್ತು ಬೋರ್‌ವೆಲ್ ಮೋಟರ್ ಬಂತು," ಎಂದು ಅವನು. ಮಾರನೇ ದಿನ, "ಇವತ್ತು ಲೈನ್‌ಮನ್."

ಜನ ಪರೀಕ್ಷೆ ಮಾಡಲೆಂದೇ ಕಂಬಳಿ ತರಿಸತೊಡಗಿದರು. ಹಿರಿಯೂರಿನ ಮೇಡಂ ಒಬ್ಬರ ಕನಸಿಗೆ ಅವರ ಹೆಡ್‌ಮಾಸ್ಟರ್ ಬಂದರಂತೆ, ಕಂಬಳಿ ಬದಲಾಯಿಸಿ ಕೊಡಬೇಕಂತೆ. ಆದಿವಾಲದ ಒಬ್ಬರು ಗುಟ್ಟಾಗಿ ಕೇಳಿದರು: "ನಂಗೆ ನಮ್ಮ ಮನೆಯೋಳೇ ಬಂದ್ಲು. ಬೇರೆ ತರದ್ದು ಐತಾ?"

ಕಂಬಳಿಗಳ ಗುಡ್ಡೆ ಸೂರಿನಿಂದ ಸೊಂಟಕ್ಕಿಳಿಯಿತು. ಆದರೂ ಚಿಕ್ಕಪ್ಪ ಗಿರಣಿಯವನನ್ನು ಕರೆಸಿ ಗುಂಡಿಯ ಅಳತೆ ತೆಗೆಸಿದ. "ಇದೆಲ್ಲ ನಾಕು ದಿನದ ತಮಾಷೆ ಕಣಮ್ಮ. ಅವನಿಗೆ ಕನಸು ಬಿದ್ದ ದಿನ ನಿನ್ನ ಪೇಜೂ ಬೀಳ್ತೈತೆ."

ಅದು ನನಗೂ ಗೊತ್ತಿತ್ತು. ಇನ್ನೊಂದು ಹೆದರಿಕೆ ಮಾತ್ರ ಯಾರಿಗೂ ಹೇಳಿರಲಿಲ್ಲ. ಕನಸು ಬೀಳಲಿ ಎಂದು ಪೂರ್ವಕ್ಕೆ ತಲೆ ಹಾಕಿ ಮಲಗಿ, ಮಜ್ಜಿಗೆ ಕುಡಿದು ಮಲಗಿ ಅಂತೆಲ್ಲ ಇನ್‌ಬಾಕ್ಸಿನಲ್ಲಿ ಸಲಹೆ ಕೊಡುತ್ತಾ ಕೊಡುತ್ತಾ ಮಾತು "ಉಂಡ್ರಾ?"ಗೆ ಬಂದಿತ್ತು. ಅವನು ಸುತ್ತಿಟ್ಟ ತಾಮ್ರದ ತಂತಿಯ ಫೋಟೊ ಕಳಿಸುತ್ತಿದ್ದ. ಅದು ನನ್ನ ಕಣ್ಣಿಗೆ ರಾಜಕುಮಾರಿಯ ಕಾಲುಗೆಜ್ಜೆಯ ಹಾಗೆ ಕಾಣುತ್ತಿತ್ತು. ಕನಸು ಬಿದ್ದರೆ ಈ "ಉಂಡ್ರಾ?" ನಿಂತುಹೋಗುತ್ತದೆ. ಮೇಲಾಗಿ ಆ ಕನಸಿನಲ್ಲಿ ಯಾರೋ ಬೇರೆಯವಳು ಬರುತ್ತಾಳೆ.

ಒಂದು ಭಾನುವಾರ ಮನೆ ಮುಂದೆ ಬೈಕು ನಿಂತಿತು. ಹಿಂದೆ ಕಟ್ಟಿದ ನಮ್ಮದೇ ಕಂಬಳಿ. ಹೆಲ್ಮೆಟ್ ತೆಗೆದ. ಕಿವಿಯ ಹತ್ತಿರ ಗ್ರೀಸಿನ ಗೆರೆ, ತುಟಿಯ ತುದಿಯಲ್ಲಿ ಅವನ ಕಾಮೆಂಟಿನಂಥದೇ ನಗು.

"ಎಕ್ಸ್‌ಚೇಂಜ್ ಮಾಡ್ಕೊಡ್ತೀರಾ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ಬೀರ ಅವನನ್ನು ಹಾಯಲು ಹೋದ. ಕನಕರಾಜ್ ಹಿಂದೆ ಸರಿಯಲಿಲ್ಲ. ಬೀರನ ಮುರಿದ ಕೊಂಬನ್ನು ನೋಡಿದ, ನನ್ನನ್ನು ನೋಡಿದ.

"ಬರ್ರಿ, ಕುಂತ್ಕಳ್ರಿ," ಅಂದಳು ಅಜ್ಜಿ. "ಏನಪ್ಪ, ತಂತಿ ಸುತ್ತೋದಂತಲ್ಲ ನಿನ್ನ ಕೆಲಸ? ನಾನೂ ಸುತ್ತೋಳೇ. ನಿಂದು ಕೈ ತಪ್ಪಿದ್ರೆ ಸುಡ್ತೈತೆ, ನಂದು ತಪ್ಪಿದ್ರೆ ಹರೀತೈತೆ, ಅಷ್ಟೇಯ."

ನನ್ನೊಳಗಿನ ವ್ಯಾಪಾರಿ ಎಚ್ಚೆತ್ತಳು. ಕನಸಿನ ಅಣ್ಣ ಮನೆಗೇ ಬಂದಿದ್ದಾನೆ, ಲೈವ್ ಮಾಡದೆ ಬಿಡುವುದೇ? ಫೋನನ್ನು ರಾಗಿ ಮೂಟೆಗೆ ಒರಗಿಸಿಟ್ಟೆ. ಅವನ ಹಳೆಯ ಕಂಬಳಿ ಎಷ್ಟು ಮೆತ್ತಗಾಗಿದೆ ನೋಡಿ ಎಂದು ತೋರಿಸಿದೆ. ಹೊಲಿಗೆ ಹಾಕಿ ಆಗಷ್ಟೇ ಮುಗಿಸಿದ್ದ ಹೊಸದನ್ನು ಹಾಸಿ ಅವನನ್ನು ಕೂರಿಸಿದೆ.

"ಅಗಲ ನೋಡ್ರಿ, ಇಬ್ರು ಆರಾಮಾಗಿ ಕುಂತ್ಕಬಹುದು," ಎಂದು ನಾನೂ ಪಕ್ಕದಲ್ಲಿ ಕುಳಿತೆ.

ಅಜ್ಜಿ ಒಳಗಿನಿಂದ ಬಂದವಳೇ ನಮ್ಮಿಬ್ಬರ ಹಣೆಗೂ ಅರಿಶಿನದ ಭಂಡಾರ ಬಳಿದಳು. ಕ್ಯಾಮೆರಾ ಕಡೆ ನೋಡಿ ಬೊಚ್ಚುಬಾಯಲ್ಲಿ ನಕ್ಕಳು.

ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಕಾಮೆಂಟುಗಳು ಸುರಿದವು. "ಗದ್ದಿಗೆ ಆಯ್ತಾ!" "ನಮಗೆ ಒಂದು ಮಾತು ಹೇಳ್ಲಿಲ್ವಲ್ಲ!" "ಊಟ ಯಾವತ್ತು?"

ನಮ್ಮಲ್ಲಿ ಸಂಬಂಧ ಕುದುರಿದರೆ ಹುಡುಗ ಹುಡುಗಿಯನ್ನು ಒಂದೇ ಹೊಸ ಕಂಬಳಿಯ ಮೇಲೆ ಕೂರಿಸಿ ಹಿರಿಯರು ಭಂಡಾರ ಹಚ್ಚುತ್ತಾರೆ, ಅದಕ್ಕೇ ಗದ್ದಿಗೆ ಅನ್ನುವುದು. ಜಿಲ್ಲೆಗೆಲ್ಲ ಕಂಬಳಿ ಮಾರಲು ಹೊರಟವಳು ಕಂಬಳಿ ಯಾತಕ್ಕೆ ಹಾಸುತ್ತಾರೆ ಅನ್ನುವುದನ್ನೇ ಮರೆತಿದ್ದೆ.

ಚಿಕ್ಕಪ್ಪ ಹಿತ್ತಲಿಂದ ಓಡಿ ಬಂದ. "ಲೇ ಕಾವ್ಯಾ, ಕಂಬಳಿ ಖಾಲಿ ಮಾಡು ಅಂದ್ರೆ ಮನೇನೇ ಖಾಲಿ ಮಾಡಾಕೆ ಹೊಂಟಿದೀಯಲ್ಲೇ!"

ಅಷ್ಟರಲ್ಲಿ ಕನಕರಾಜನ ಫೋನು ಬಡಿದುಕೊಂಡಿತು. ಅವನ ತಾಯಿ ಹೊನ್ನಕ್ಕ. ಸ್ಪೀಕರ್ ಬೇಕೇ ಆಗಲಿಲ್ಲ.

"ಲೇ ಕನಕ! ಮೋಟರ್ ತರಾಕೆ ಹೋಗ್ತೀನಿ ಅಂದೋನು ಗದ್ದಿಗೆ ಮೇಲೆ ಕುಂತಿದೀಯಲ್ಲೋ! ಮೊದ್ಲೇ ಹೇಳಿದ್ರೆ ನಾನು ಒಂದು ಒಳ್ಳೆ ಸೀರೆ ಉಟ್ಕಂಡು ಬರ್ತಿರಲಿಲ್ವಾ?"

ತಪ್ಪಾಯಿತು ಎಂದು ಹೇಳಿ ಲೈವ್ ನಿಲ್ಲಿಸಬೇಕು. ಆಗ ಇಡೀ ಜಿಲ್ಲೆ ನಗುತ್ತದೆ, ಪೇಜು ಮುಳುಗುತ್ತದೆ, ಗುಂಡಿ ಮುಚ್ಚುತ್ತದೆ. ಅವನೂ ಬೈಕು ಹತ್ತಿ ಹೊರಡುತ್ತಾನೆ. ಕೈಯನ್ನು ಫೋನಿನ ಕಡೆ ಚಾಚಿದೆ.

"ಇರ್ರಿ," ಅಂದ ಕನಕರಾಜ್. "ಕಂಪ್ಲೇಂಟ್ ಎಲ್ರ ಮುಂದೆ ಕೊಟ್ಟಿದ್ದೆ. ವಾಪಸ್ಸೂ ಎಲ್ರ ಮುಂದೆನೇ ತಗಂತೀನಿ. ಕನಸು ನಂಗೆ ಹೊದ್ದ ದಿನಾನೇ ಬಿದ್ದಿತ್ತು."

"ಟಗರು ಬಂತು ಅಂದ್ರಿ!"

"ಬಂತು. ಅದರ ಹಗ್ಗ ಯಾರ ಕೈಯಾಗಿತ್ತು ಅಂತ ಹೇಳಿರಲಿಲ್ಲ."

"ಆ ರೀಲ್... ನೀವು ನೋಡಿದ್ರಾ?"

"ಗೊಬ್ಬರದಾಗೆ ಬಿದ್ರೂ ಹಗ್ಗ ಬಿಡಲಿಲ್ಲ ನೀವು. ಇನ್ನೊಂದ್ಸಲ ನೋಡಾಣ ಅಂತ ಒತ್ತಿದ್ರೆ ಡಿಲೀಟ್ ಆಗೈತೆ. ಅದಕ್ಕೇ ಕಂಬಳಿ ತರಿಸಿದ್ದು. ನಮ್ಮೂರ ಸೆಕೆಗೆ ಕಂಬಳಿ ಯಾರು ಹೊದಿತಾರ್ರಿ?"

"ಮತ್ತೆ ಇಷ್ಟು ದಿನ ಸುಳ್ಳು ಯಾಕೆ ಹೇಳಿದ್ರಿ?"

ಅವನು ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡ, ತಂತಿ ಸುತ್ತುವವನ ಹಾಗೆ, ಒಂದೂ ಎಳೆ ತಪ್ಪದೆ. "ಕನಸು ಬಿತ್ತು ಅಂದಿದ್ರೆ ನಿಮ್ಮ ಜವಾಬ್ದಾರಿ ಮುಗೀತಿತ್ತು. ಆಮೇಲೆ 'ಉಂಡ್ರಾ' ಅಂತ ಕೇಳೋರು ಯಾರು? ನಿಮಗೆ ಇಷ್ಟ ಇಲ್ದಿದ್ರೆ ಹೇಳಿಬಿಡ್ರಿ, ಇದು ವ್ಯಾಪಾರಕ್ಕೆ ಮಾಡಿದ ತಮಾಷೆ ಅಂತ ನಾನೇ ಎಲ್ರಿಗೂ ಹೇಳ್ತೀನಿ."

ಎದ್ದು ಹೋಗಬಹುದಿತ್ತು. ಹೊಸ ಕಂಬಳಿ, ಗಂಜಿ ಇನ್ನೂ ಇಳಿದಿಲ್ಲ, ಚುಚ್ಚುತ್ತಿತ್ತು. ಆದರೂ ನಾನು ಏಳಲಿಲ್ಲ.

"ಉಂಡ್ರಾ?" ಅಂತ ಕೇಳಿದೆ.

"ಇಲ್ಲ," ಅಂದ. ಅವನ ನಗು ತುಟಿಯ ತುದಿ ದಾಟಿ ಗ್ರೀಸಿನ ಗೆರೆಯವರೆಗೂ ಹೋಯಿತು.

ಚಿಕ್ಕಪ್ಪ ಅಷ್ಟು ಹೊತ್ತೂ ಫೋನಿಗೆ ಕಣ್ಣು ಕೀಲಿಸಿದ್ದ. "ಇದೇನೇ ಇದು? 'ಅಂಥದೇ ಗದ್ದಿಗೆ ಕಂಬಳಿ ನಮ್ಮ ಮಗನ ಮದುವೆಗೂ ಬೇಕು' ಅಂತಾರೆ. ಇವರೂ ಕೇಳ್ತಾರೆ. ಇಗಾ, ಇನ್ನೊಬ್ರು!" ಮಗ್ಗದ ಕಡೆ ನೋಡಿದ. ತಲೆ ಕೆರೆದುಕೊಂಡ. ಹೋಗಿ ಗುಂಡಿಯೊಳಗೆ ಕಾಲು ಇಳಿಬಿಟ್ಟ.

ಅಜ್ಜಿಯ ರಾಟೆಯೂ ತಿರುಗತೊಡಗಿತು. "ಅಜ್ಜೀ, ಭಂಡಾರ ಬೇಕಂತಲೇ ಹಚ್ಚಿದ್ದಾ?" ಅಂದೆ.

"ಕಥೆ ಹೇಳೋಳು ನಾನು. ನಡುವೆ ಪ್ರಶ್ನೆ ಕೇಳಬ್ಯಾಡ," ಅಂದಳು. "ನೀನು ಕೊಟ್ಟ ಮಾತು ಮುಗಿಸ್ಕ ಮೊದ್ಲು. ಬಂಡೆ ಆಗೀಯ."

ನಾನು ಕಂಬಳಿಯ ಮೇಲಿದ್ದ ಅವನ ಫೋನನ್ನು ಕನಕರಾಜನ ಕೈಗೆ ಕೊಟ್ಟೆ. ಅವನು ಆ ಹಳೆಯ ದೂರನ್ನು ಹುಡುಕಿ, ಅದರ ಕೆಳಗೇ ಒಂದೊಂದಾಗಿ ಅಕ್ಷರ ಒತ್ತಿದ:

"ಬಿತ್ತು ಮೇಡಂ. ಸರಿಯಾದದ್ದೇ ಬಿತ್ತು."