ಹನ್ನೆರಡು ಚೀಟಿ, ಒಂದು ಸ್ಪೀಕರ್

ಈ ಕತೆ ಹೇಳುವ ಧೈರ್ಯ ಮಾಡಿದ್ದಕ್ಕೆ ಓದುಗರು ಮನ್ನಿಸಬೇಕು. ಇದು ನಡೆದಾಗ ನಾನು ಅಲ್ಲಿರಲಿಲ್ಲ. ಹಾಡಿನ ಬಗ್ಗೆ ತೀರ್ಪು ಕೊಡುವಷ್ಟು ಕಿವಿಯೂ ನನಗಿಲ್ಲ. ಕೆಂಚೇಶ್ ಹೇಳಿದ್ದನ್ನು ಎರಡೆರಡು ಸಲ ಕೇಳಿ, ಅನುಮಾನ ಬಂದ ಕಡೆ ಹೊನ್ನಾಳಿಗೇ ಹೋಗಿ ವಿಚಾರಿಸಿ ಬರೆದಿದ್ದೇನೆ. ತಪ್ಪು ಉಳಿದಿದ್ದರೆ ಅದು ನನ್ನದು, ಅವನದಲ್ಲ.

ನ್ಯಾಮತಿಯ ಬಸ್ ನಿಲ್ದಾಣದ ಎದುರಿಗೆ ಗೋಣೆಪ್ಪನ ರಿಪೇರಿ ಅಂಗಡಿ. ರೇಡಿಯೋ, ಟೇಪು, ಮಿಕ್ಸರು, ಈಗ ಮೊಬೈಲು. ಇದರ ಜೊತೆಗೆ ಸುತ್ತಮುತ್ತಲ ಜನ ತಮ್ಮ ತಲೆಗೆ ಹತ್ತದ ತಂಟೆಗಳನ್ನೂ ಅಲ್ಲಿಗೇ ಹೊತ್ತು ತರುತ್ತಿದ್ದರು. ಕಳೆದುಹೋದ ಪಂಪ್‌ಸೆಟ್ಟು, ಹೆಸರಿಲ್ಲದ ಪತ್ರ, ಬೀಗ ಒಡೆಯದೆ ಖಾಲಿಯಾದ ಬೀರು, ಹೀಗೆ. "ಕೆಟ್ಟಿದ್ದು ಎಲ್ಲಿ ಅಂತ ಗೊತ್ತಾದ್ರೆ ಅರ್ಧ ರಿಪೇರಿ ಆದಂಗೆ" ಎನ್ನುವುದು ಅವನ ಮಾತು. ಹತ್ತು ವರ್ಷದಿಂದ ಅವನ ಪಕ್ಕದ ಸ್ಟೂಲಿನಲ್ಲಿ ಕೂತವನು ಕೆಂಚೇಶ್. ಬಂದ ಸಾಮಾನಿಗೆಲ್ಲ ಯಾರದು, ಏನು ಕೆಟ್ಟಿದೆ ಎಂದು ಚೀಟಿ ಬರೆದು ಕಟ್ಟುವುದು ಅವನ ಕೆಲಸ.

ಫೆಬ್ರವರಿಯ ಒಂದು ಗುರುವಾರ ಮಧ್ಯಾಹ್ನ ದೋಲಕ್ ಬಾರಿಸುವ ಶರಣು ಒಂದು ಪ್ಲಾಸ್ಟಿಕ್ ಕವರು ಹಿಡಿದು ಅಂಗಡಿ ಹತ್ತಿದ. ಅವನನ್ನು ಕಂಡ ಕೂಡಲೇ ಕೆಂಚೇಶ್ ಎಂದಿನಂತೆ ಮುಖ ತಿರುಗಿಸಿ ಕೈಯಲ್ಲಿದ್ದ ಚೀಟಿ ಬರೆಯತೊಡಗಿದ. ನಾಲ್ಕು ವರ್ಷದ ಹಿಂದೆ 'ನಾಲ್ಕೂರು ಮೇಳ' ಕಟ್ಟುವಾಗ ದೋಲಕ್ಕಿಗೆ ಇಬ್ಬರನ್ನು ಕರೆಸಿ ಬಾರಿಸಿ ನೋಡಿದ್ದರು. ಶರಣುವನ್ನು ಇಟ್ಟುಕೊಂಡರು, ಕೆಂಚೇಶನಿಗೆ ಚಹಾ ಕುಡಿಸಿ ಕಳಿಸಿದರು.

"ಗೋಣೆಪ್ಪಣ್ಣ, ಮಮತಾ ಇನ್ನು ಹಾಡಲ್ಲ ಅಂತಾಳೆ" ಎಂದ ಶರಣು. "ಭಾನುವಾರ ಚನ್ನಗಿರಿಯಾಗೆ ಪ್ರೋಗ್ರಾಂ. ಮೊದ್ಲನೇ ಆಲ್ಬಂ ಬಿಡುಗಡೆ. ಅವಳೂರು ಸೊಕ್ಕೆಗೆ ಹೋಗಿ ಕಾಲಿಗೆ ಬೀಳೋದೊಂದು ಬಾಕಿ ಐತೆ."

"ಕೂತ್ಕೊ. ಮೊದ್ಲಿಂದ ಹೇಳು."

ಶರಣು ಹೇಳಿದ್ದು ಇಷ್ಟು. ಮೇಳ ಕಟ್ಟಿದವನು ಹೊನ್ನಾಳಿಯ ಕೊಟ್ರೇಶ್. ಸ್ಪರ್ಧಾ ಪರೀಕ್ಷೆಗೆ ತರಬೇತಿ ಕೊಡುವ ಮೇಷ್ಟ್ರು. ಹಾಡು ಬರೆಯುವವನೂ ಅವನೇ, ಗಿಟಾರ್ ಹಿಡಿಯುವವನೂ ಅವನೇ. ನಮ್ಮ ಬಯಲಿನ ಪದಗಳ ಧಾಟಿಗೆ ಅಮೆರಿಕದ ಹಳ್ಳಿಗಾಡಿನ ಹಾಡು, ಅಲ್ಲಿನ ಕಪ್ಪು ಜನರ ಸೋಲ್ ಸಂಗೀತ ಬೆರೆಸಿ ಎಂಟು ಹಾಡು ಮಾಡಿದ್ದರು. ಹಾಡುಗಾರ್ತಿ ಜಗಳೂರು ಕಡೆಯ ಸೊಕ್ಕೆಯ ಮಮತಾ. ಬಿಡುಗಡೆಗೆ ಮೊದಲು ಜನ ಏನನ್ನುತ್ತಾರೆ ನೋಡೋಣ ಎಂದು ನಾಲ್ಕು ಊರಿನ ನಾಲ್ಕು ಅಂಗಡಿಗೆ ಒಂದೊಂದು ಪೆನ್‌ಡ್ರೈವ್, ಒಂದೊಂದು ಅಭಿಪ್ರಾಯದ ಡಬ್ಬಿ ಕೊಟ್ಟಿದ್ದರು. ಚನ್ನಗಿರಿಯಲ್ಲಿ ಕಟಿಂಗ್ ಶಾಪು, ಜಗಳೂರಿನಲ್ಲಿ ಟೈಲರು, ನ್ಯಾಮತಿಯಲ್ಲಿ ಸೈಕಲ್ ಅಂಗಡಿ, ಹೊನ್ನಾಳಿಯಲ್ಲಿ ಪಾಲಣ್ಣನ ಬೇಕರಿ. ಪೆನ್‌ಡ್ರೈವ್ ನಾಲ್ಕೇ. ಮೇಳದವರನ್ನು ಬಿಟ್ಟರೆ ಬೇರೆ ಯಾರ ಹತ್ತಿರವೂ ಹಾಡಿಲ್ಲ.

"ಮೂರು ಊರಾಗೆ ಎಲ್ಲಾ ಮಮತಾ, ಮಮತಾ ಅಂತಲೇ ಬರ್ದಾರೆ. ಹೊನ್ನಾಳಿ ಡಬ್ಬಿ ತೆಗೆದ್ರೆ ಈ ಹನ್ನೆರಡು!" ಶರಣು ಚೀಟಿಗಳನ್ನು ಟೇಬಲ್ಲಿನ ಮೇಲೆ ಸುರಿದ. ಜೊತೆಗೆ ಕೊಟ್ರೇಶನ ಕೈಬರಹದ ಒಂದು ಹಾಡಿನ ಹಾಳೆಯೂ ಬಿತ್ತು. "ಒಳ್ಳೆ ಚೀಟಿನೂ ಅದಾವೆ, ಕೆಳಗಿವೆ. ಇವನ್ನ ಮಮತಾ ಓದಿಬಿಟ್ಲು."

ಗೋಣೆಪ್ಪ ಒಂದೊಂದನ್ನೇ ಎತ್ತಿ ಓದಿದ. 'ಆರನೆಯ ಹಾಡಿನಲ್ಲಿ ಹೆಣ್ಣು ದನಿ ತಗಡು ಗೀರಿದಂತಿದೆ.' 'ಆರನೆಯ ಹಾಡಿನ ಗಾಯಕಿಗೆ ಉಸಿರಿನ ಹಿಡಿತವಿಲ್ಲ.' 'ಆರನೆಯ ಹಾಡಿನಲ್ಲಿ ಆಕೆಯ ಉತ್ತರಗಳು ಭಾವಶೂನ್ಯ.' ಹನ್ನೊಂದು ಚೀಟಿ, ಹನ್ನೊಂದು ಬೇರೆ ಬೇರೆ ಅಕ್ಷರ, ಎಲ್ಲವೂ ಆರನೆಯ ಹಾಡಿನ ಮೇಲೆ, ಮಮತಾಳ ಮೇಲೆ. ಹನ್ನೆರಡನೆಯದು ಮಾತ್ರ ಬೇರೆ: 'ಮೂರನೆ ಹಾಡಲ್ಲಿ ದೋಲಕ್ ತಾಳ ಮೀರಿ ಓಡುತ್ತದೆ. ಬಾರಿಸುವವನಿಗೆ ಕೈಯಿದೆ, ಕಿವಿಯಿಲ್ಲ.'

ಕೆಂಚೇಶ್ ಕೈಯಲ್ಲಿದ್ದ ಪೆನ್ನನ್ನು ಡ್ರಾಯರಿಗೆ ಹಾಕಿ ಮುಚ್ಚಿದ. ಹನ್ನೆರಡನೆಯದು ಅವನೇ ಬರೆದದ್ದು. ಕೈ ಬದಲಿಸಿ ಓರೆಯಾಗಿ ಬರೆದಿದ್ದ. ಹಿಂದಿನ ವಾರ ಸಾಮಾನು ತರಲು ಹೊನ್ನಾಳಿಗೆ ಹೋದಾಗ ಬೇಕರಿಯಲ್ಲಿ ಒಂದು ಖಾರ ಬನ್ ತಿಂದು, ಹಾಡು ಕೇಳಿ, ಚೀಟಿ ಹಾಕಿ ಬಂದಿದ್ದ. ಮೂರನೆಯ ಹಾಡಿನಲ್ಲಿ ದೋಲಕ್ ಎಲ್ಲೂ ಓಡುವುದಿಲ್ಲ. ಅದು ಅಷ್ಟು ಚೆನ್ನಾಗಿತ್ತೆಂದೇ ಅವನಿಗೆ ತಡೆಯಲಾಗಿರಲಿಲ್ಲ.

ಗೋಣೆಪ್ಪ ಚೀಟಿಗಳನ್ನು ಬೆಳಕಿಗೆ ಹಿಡಿದ, ಮೂಸಿದ, ಬೆರಳಲ್ಲಿ ಸವರಿದ. ಹಾಡಿನ ಹಾಳೆಯನ್ನೂ ಹಾಗೆಯೇ ಸವರಿದ. "ಆರನೇ ಹಾಡು ಎಂಥದ್ದು?"

"ಸವಾಲ್-ಜವಾಬ್ ಥರ. ಕೊಟ್ರೇಶ್ ಕೇಳ್ತಾನೆ, ಮಮತಾ ಹೇಳ್ತಾಳೆ. ಉಳಿದ ಹಾಡೆಲ್ಲ ಸ್ಟುಡಿಯೋದಾಗೆ ಮಾಡಿದ್ದು, ಅದೊಂದು ಮಾತ್ರ ಕತ್ತಲಗೆರೆ ಗೋದಾಮಿನಾಗೆ. ಇಬ್ಬರಿಗೂ ಒಂದೊಂದು ಮೈಕು. ದನಿ ಕಲೀಬಾರ್ದು ಅಂತ ನಡುವೆ ಮೆಕ್ಕೆಜೋಳದ ಚೀಲದ ಗೋಡೆ ಎಬ್ಬಿಸಿದ್ವಿ, ನೋಡ್ರಿ!"

ಗೋಣೆಪ್ಪ ಹೊನ್ನಾಳಿಯ ಒಳ್ಳೆಯ ಚೀಟಿಗಳನ್ನೂ ಓದಿದ. ಒಂದರಲ್ಲಿ, 'ಹಾಡು ಚೆಂದ ಐತೆ, ಬನ್ ಗಟ್ಟಿ ಐತೆ' ಎಂದಿತ್ತು. ಇನ್ನೊಂದರಲ್ಲಿ, 'ಆರನೇ ಹಾಡಲ್ಲಿ ಅಣ್ಣ ಪ್ರಶ್ನೆ ಕೇಳಿ ಸುಮ್ಮನಾಗುತ್ತಾನೆ. ಪಾಪ, ಯಾರೂ ಉತ್ತರ ಹೇಳಲ್ಲ.' ಅದನ್ನು ಅವನು ಎರಡು ಸಲ ಓದಿದ. ಚೀಟಿಯ ಅಂಚಿನಲ್ಲಿ ಎಣ್ಣೆಯ ಬೆರಳಚ್ಚಿತ್ತು.

"ಇವೆಲ್ಲ ಇಲ್ಲೇ ಇರ್ಲಿ" ಎಂದ.

ಆ ಸಂಜೆಯೆಲ್ಲ ಕೆಂಚೇಶನಿಗೆ ಸಮಾಧಾನವಿರಲಿಲ್ಲ. ಅವನಿಗೆ ಒಂದು ಸಂಗತಿ ಗೊತ್ತಿತ್ತು. ನ್ಯಾಮತಿಯ ಸೈಕಲ್ ಅಂಗಡಿಯಲ್ಲಿ ಕೇಳಿದಾಗ ಆರನೆಯ ಹಾಡಿನಲ್ಲಿ ಎರಡು ದನಿಯಿತ್ತು. ಪಾಲಣ್ಣನ ಬೇಕರಿಯಲ್ಲಿ ಒಂದೇ. ರಿಪೇರಿಯವನ ಕಿವಿ, ಆಗಲೇ ಗುರುತಿಸಿತ್ತು. ಆದರೆ ಅದನ್ನು ಹೇಳಿದರೆ, ನೀನು ಬೇಕರಿಗೆ ಯಾಕೆ ಹೋಗಿದ್ದೆ ಎಂಬ ಪ್ರಶ್ನೆ ಬರುತ್ತದೆ. ಹೇಳದಿದ್ದರೆ ಒಬ್ಬ ಹುಡುಗಿಯ ಹಾಡು ನಿಂತುಹೋಗುತ್ತದೆ. ಮೇಳ ಮುರಿದರೆ ನನಗೇನು ಎಂದು ಅವನ ಮನಸ್ಸಿನ ಒಂದು ಮೂಲೆ ಖುಷಿಪಡುತ್ತಿತ್ತು. ಆ ಮೂಲೆಯನ್ನು ಕಂಡು ಅವನಿಗೇ ಅಸಹ್ಯವಾಯಿತು.

ಶುಕ್ರವಾರ ಬೆಳಿಗ್ಗೆ ಅಂಗಡಿ ತೆಗೆಯುತ್ತ ಗೋಣೆಪ್ಪನ ಮುಖ ನೋಡದೆ ಹೇಳಿದ: "ಅಣ್ಣಾ, ಆ ಬೇಕರಿ ಸ್ಪೀಕರ್ ಒಂದ್ಸಲ ನೋಡಿ ಬರಾನ."

"ಯಾಕೋ?"

"ಸುಮ್ನೆ."

ಗೋಣೆಪ್ಪ ತೆಗೆದ ಬಾಗಿಲನ್ನು ಮತ್ತೆ ಎಳೆದ. ಆಮೇಲೆ, "ಗಾಡಿ ತೆಗಿ" ಎಂದ.

ಪಾಲಣ್ಣ ಬಾಯಿ ತುಂಬ ಮಾತಿನ ಮನುಷ್ಯ. "ನಮ್ಮ ತಮ್ಮನ ಮಗಳು ಸುಚಿತ್ರಾ ಎಷ್ಟು ಚೆಂದ ಹಾಡ್ತಾಳ್ರೀ! ಮೇಳಕ್ಕೆ ತಗಳ್ರಿ ಅಂದೆ. ಮೇಷ್ಟ್ರು ಬ್ಯಾಡ ಅಂದ್ರು. ಇರ್ಲಿ ಬಿಡ್ರಿ, ಡಬ್ಬಿ ಇಡಾಕೆ ಮಾತ್ರ ನಮ್ಮಂಗಡಿ ಬೇಕು!"

ಕೆಂಚೇಶನಿಗೆ ಉಸಿರು ಬಂದಂತಾಯಿತು. ಆರೋಪಿ ಸಿಕ್ಕನಲ್ಲ! ಇವನದೂ ಹೊಟ್ಟೆಕಿಚ್ಚೇ, ತನ್ನ ಹಾಗೆ. ಆದರೆ ಗೋಣೆಪ್ಪ ಆರನೆಯ ಹಾಡು ಹಾಕಿಸಿದ. ಕೊಟ್ರೇಶನ ದನಿ ಕೇಳಿತು, ನಿಂತಿತು. ಗಿಟಾರಿನ ತಂತಿಯೊಂದು ಮಿಡಿಯಿತು. ಮತ್ತೆ ಅವನದೇ ದನಿ.

"ಇದು ಹೆಂಗೈತೆ ಪಾಲಣ್ಣ?"

"ಮೇಷ್ಟ್ರು ಒಬ್ರೇ ಹಾಡಿದ್ದಲ್ವಾ? ಬಾಳ ಗ್ಯಾಪ್ ಬಿಡ್ತಾರ್ರೀ. ಗಿರಾಕಿಗಳು ಹಾಡು ಮುಗೀತು ಅಂತ ಎದ್ದು ಹೋಗ್ತಾರೆ."

ಗೋಣೆಪ್ಪ ಎಡಗಡೆಯ ಸ್ಪೀಕರಿನ ಮೇಲೆ ಅಂಗೈ ಇಟ್ಟ. ಅದು ಸತ್ತಿತ್ತು. "ಯಾವಾಗಿಂದ?"

"ದೀಪಾವಳಿ ಹಿಂದೆನೇ ಇಲಿ ವೈರು ಕಡಿದೈತೆ. ಒಂದು ಸಾಕು ಬಿಡ್ರಿ."

ಹೊರಡುವಾಗ ಗೋಣೆಪ್ಪ, "ಮೇಷ್ಟ್ರ ಕ್ಲಾಸಿನೋರು ಚಾ ಕುಡಿಯಾಕೆ ಇಲ್ಲಿಗೇ ಬರ್ತಾರೇನು?" ಎಂದು ಕೇಳಿ, ಅನಿತಾ ಎಂಬ ಒಬ್ಬಳ ನಂಬರು ಬರೆದುಕೊಂಡ.

ಶನಿವಾರ ಮಧ್ಯಾಹ್ನ ಎಲ್ಲರೂ ಬೇಕರಿಯಲ್ಲಿ ಸೇರಿದರು. ಪಾಲಣ್ಣ ಶಟರ್ ಅರ್ಧ ಇಳಿಸಿದ. ಜಗಳೂರಿನಿಂದ ಎರಡು ಬಸ್ಸು ಬದಲಿಸಿ ಬಂದ ಮಮತಾ ಗೋಡೆಯ ಪಕ್ಕ ಕೂತಳು, ದುಪಟ್ಟಾದ ತುದಿ ಬೆರಳಿಗೆ ಸುತ್ತುತ್ತ. ಎದುರಿಗೆ ಕೊಟ್ರೇಶ್, ಇಸ್ತ್ರಿ ಮಾಡಿದ ಅಂಗಿ. ಪಕ್ಕದಲ್ಲಿ ಶರಣು. ಕ್ಲಾಸಿನ ಅನಿತಾ ಬಾಗಿಲ ಬಳಿ ನಿಂತಿದ್ದಳು. ಕೆಂಚೇಶ್ ಟೂಲ್‌ಬಾಕ್ಸ್ ತೊಡೆಯ ಮೇಲೆ ಇಟ್ಟುಕೊಂಡು ಮೂಲೆ ಹಿಡಿದಿದ್ದ.

"ಮೊದ್ಲು ಹಾಡು ಕೇಳ್ರಿ" ಎಂದು ಗೋಣೆಪ್ಪ ಆರನೆಯದನ್ನು ಹಾಕಿದ.

ಹಾಡಿನಲ್ಲಿ ಕೊಟ್ರೇಶ್ ಪ್ರಶ್ನೆ ಕೇಳಿದ, ಸುಮ್ಮನಾದ. ಕೇಳಿದ, ಸುಮ್ಮನಾದ. ಮಮತಾ ತಲೆಯೆತ್ತಿದಳು. "ಅಯ್ಯೋ, ಇದ್ರಾಗೆ ನಾನೇ ಇಲ್ವಲ್ರೀ!"

"ಇಲ್ಲ. ಕತ್ತಲಗೆರೆಯಾಗೆ ನಿನ್ನ ಮೈಕು ಎಡಕ್ಕೆ, ಇವ್ರದು ಬಲಕ್ಕೆ. ನಡುವೆ ಜೋಳದ ಗೋಡೆ. ಆ ಹಾಡಿನಾಗೆ ನಿನ್ನ ದನಿ ಎಡಗಡೆ ಸ್ಪೀಕರಿನಾಗೆ ಮಾತ್ರ, ಇವ್ರದು ಬಲಗಡೆ ಮಾತ್ರ. ಈ ಅಂಗಡಿಯಾಗೆ ಎಡಗಡೆ ಸ್ಪೀಕರ್ ಮೂರು ತಿಂಗಳಿಂದ ಸತ್ತೈತೆ. ಇಲ್ಲಿ ಕೂತು ಕೇಳಿದೋನು ಆರನೇ ಹಾಡಿನಾಗೆ ನಿನ್ನ ದನಿ ಬೈಯ್ಯಾಕೆ ಆಗಲ್ಲ. ಯಾಕಂದ್ರೆ ಕೇಳೇ ಇಲ್ಲ. ಪಾಲಣ್ಣಗೂ ಅದು ಒಬ್ಬರ ಹಾಡು, ಅದಕ್ಕೇ ಬರೆಸಿದೋನು ಪಾಲಣ್ಣ ಅಲ್ಲ."

"ನನ್ನ ಮ್ಯಾಲೆ ಡೌಟ್ ಇತ್ತೇನ್ರೀ?" ಎಂದ ಪಾಲಣ್ಣ.

"ಇತ್ತು. ಚಾ ಹಾಕು." ಗೋಣೆಪ್ಪ ಚೀಟಿಗಳನ್ನು ಕೌಂಟರಿನ ಮೇಲೆ ಹರಡಿದ. "ಎರಡನೇದು, ಇಲ್ಲಿ ಬರೆದ ಚೀಟಿಗೆಲ್ಲ ಎಣ್ಣೆ ಹತ್ತೈತೆ. ಬನ್ ತಿಂದ ಕೈ. ಈ ಹನ್ನೊಂದು ಸ್ವಚ್ಛ. ಮೂರನೇದು, ಬೆರಳಾಡಿಸಿ ನೋಡ್ರಿ. ಹನ್ನೊಂದಕ್ಕೂ ಎಡಗಡೆ ಎರಡು ಬೆರಳಗಲ ಮಡಿಕೆ. ಮಾರ್ಜಿನ್. ಚಾ ಕುಡೀತಾ ಅಭಿಪ್ರಾಯ ಬರೆಯೋನು ಮಾರ್ಜಿನ್ ಮಡಚ್ತಾನೇನು? ಪರೀಕ್ಷೆಗೆ ಕೂತೋನು ಮಡಚ್ತಾನೆ." ಅವನು ಕೊಟ್ರೇಶನ ಹಾಡಿನ ಹಾಳೆಯನ್ನು ಪಕ್ಕಕ್ಕಿಟ್ಟ. ಅದರ ಎಡಕ್ಕೂ ಅದೇ ಎರಡು ಬೆರಳಿನ ಮಡಿಕೆ. "ಕಲಿಸಿದೋನೂ ಮಡಚ್ತಾನೆ."

ಬಾಗಿಲ ಬಳಿಯಿಂದ ಅನಿತಾ ಮುಂದೆ ಬಂದಳು. "ಸರ್, ಈ ನಾಲ್ಕನೇದು ನಂದು. ಹೋದ ಸೋಮವಾರ ನೀವು ಲ್ಯಾಪ್‌ಟಾಪಿನಾಗೆ ಒಂದೇ ಹಾಡು ಹಾಕಿ, ವಿಮರ್ಶೆ ಬರೆಯೋ ಅಭ್ಯಾಸ, ಗಾಯಕಿಯ ದೋಷ ಹುಡುಕ್ರಿ ಅಂದ್ರಲ್ಲ. ನಂಗೆ ದೋಷ ಸಿಗಲಿಲ್ಲ ಸರ್. ಮಾರ್ಕ್ಸ್ ಸಿಗಲಿ ಅಂತ ಬರೆದೆ." ಅವಳು ಮಮತಾಳ ಕಡೆ ತಿರುಗಿದಳು. "ಅಕ್ಕಾ, ತಪ್ಪಾತು."

ಕೊಟ್ರೇಶ್ ತನ್ನ ಅಂಗೈಯನ್ನೇ ನೋಡುತ್ತಿದ್ದ. "ಮೂರು ಊರಿನ ಚೀಟಿ ಓದಿದೆ. ಎಪ್ಪತ್ತು ಚೀಟಿ. ಮಮತಾ ಕಣ್ಣೀರು ತರಿಸ್ತಾಳೆ, ಮಮತಾ ಮಾತು ಎದೆಗೆ ನಾಟ್ತವೆ. ಯಾರ ಮಾತ್ರೀ ಅವು? ಹನ್ನೆರಡು ವರ್ಷ ಕೂತು ಬರೆದೋನು ನಾನು. ಹಾಡು ಬರೆದೋರು ಯಾರು ಅಂತ ಒಬ್ಬನಾದ್ರೂ ಕೇಳಬೇಕಿತ್ತು. ಒಂದೂರಾಗಾದ್ರೂ ಬೇರೆ ಮಾತು ಬರಲಿ ಅಂತ ಹುಡುಗರ ಚೀಟಿನ ನಾನೇ ಡಬ್ಬಿಗೆ ಹಾಕ್ದೆ. ಇವಳು ಬಿಟ್ಟೇ ಹೋಗ್ತಾಳೆ ಅಂತ ಅಂದ್ಕೊಂಡಿರಲಿಲ್ಲ."

ಆ ಮಾತು ಮೂಲೆಯಲ್ಲಿ ಕೂತ ಕೆಂಚೇಶನಿಗೆ ತನ್ನ ಬಾಯಿಂದಲೇ ಬಂದಂತೆ ಕೇಳಿಸಿತು.

"ಈ ಹನ್ನೆರಡನೇದು?" ಎಂದು ಶರಣು ಕೊನೆಯ ಚೀಟಿ ಎತ್ತಿದ.

"ಅದಕ್ಕೆ ಎಣ್ಣೆ ಐತೆ, ಮಡಿಕೆ ಇಲ್ಲ. ಇಲ್ಲೇ ಕೂತು ಬರೆದದ್ದು. ಈ ಕೇಸಿಗೆ ಸೇರಿದ್ದಲ್ಲ" ಎಂದ ಗೋಣೆಪ್ಪ.

"ನಂಗೆ ಎಲ್ಲಕ್ಕಿಂತ ನೋವಾಗಿದ್ದು ಇದೇ ಅಣ್ಣಾ. ಇದನ್ನ ಬರೆದೋನಿಗೆ ದೋಲಕ್ ಗೊತ್ತೈತೆ. ಮೂರನೇ ಹಾಡು ನಿಧಾನ ಮಾಡಿ ಬಾರಿಸ್ತಿದ್ದೀನಿ ಆವತ್ತಿಂದ."

ಕೆಂಚೇಶ್ ಟೂಲ್‌ಬಾಕ್ಸಿನ ಮುಚ್ಚಳ ತೆಗೆದ, ಮುಚ್ಚಿದ.

"ಲೇ ಕೆಂಚೇಶ, ಕೈ ಕಟ್ಕೊಂಡು ಯಾಕೆ ಕುಂತಿ? ಆ ವೈರ್ ಜೋಡ್ಸು" ಎಂದ ಗೋಣೆಪ್ಪ.

ಅವನು ಎದ್ದು ಸ್ಟೂಲು ಹತ್ತಿ, ಇಲಿ ಕಡಿದ ತುದಿಗಳನ್ನು ಹೆರೆದು, ಹೊಸೆದು, ಟೇಪು ಸುತ್ತಿದ. ಹಾಡು ಮೊದಲಿಂದ ಶುರುವಾಯಿತು. ಕೊಟ್ರೇಶನ ದನಿ ಪ್ರಶ್ನೆ ಕೇಳಿತು. ಈ ಸಲ ಸ್ಟೂಲಿನ ಮೇಲಿದ್ದ ಕೆಂಚೇಶನ ತಲೆಯ ಪಕ್ಕದಿಂದಲೇ ಮಮತಾ ಉತ್ತರ ಕೊಟ್ಟಳು. ಚಹಾ ಸೋಸುತ್ತಿದ್ದ ಪಾಲಣ್ಣ ಸೋಸುವುದನ್ನು ಬಿಟ್ಟು, "ಓಹೋ, ಇದಾ ಹಾಡು!" ಎಂದ.

ಮುಗಿದ ಮೇಲೆ ಮಮತಾ ಎದ್ದಳು. "ನಾಳೆ ಹಾಡ್ತೀನಿ ಮೇಷ್ಟ್ರೇ. ಆದ್ರೆ ಒಂದೊಂದು ಹಾಡಿಗೂ ಮೊದ್ಲು, ಬರೆದೋರು ಕೊಟ್ರೇಶ್ ಅಂತ ಮೈಕಿನಾಗೆ ಹೇಳೇ ಹಾಡ್ತೀನಿ. ಎಂಟು ಸಲ. ನೀವು ಪಕ್ಕದಾಗೆ ನಿಂತು ಕೇಳಿಸ್ಕಬೇಕು." ಕೊಟ್ರೇಶ್ ತಲೆ ತಗ್ಗಿಸಿದ. ಶಿಕ್ಷೆ ಅಷ್ಟೇ.

ಚನ್ನಗಿರಿಯಲ್ಲಿ ಅವಳು ಎಂಟು ಸಲ ಹೇಳಿದಳು. ಎಂಟನೆಯ ಸಲಕ್ಕೆ ಕೊಟ್ರೇಶ್ ಗಿಟಾರಿನ ಹಿಂದೆ ಮುಖ ಮರೆಸಿಕೊಂಡಿದ್ದನ್ನು ಜನ ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ಶರಣು ಮೂರನೆಯ ಹಾಡನ್ನು ನಿಧಾನವಾಗಿಯೇ ಬಾರಿಸಿದ. ಅದರಿಂದ ಹಾಡು ಕೆಟ್ಟಿತೋ ಸುಧಾರಿಸಿತೋ, ಜನರ ನಡುವೆ ನಿಂತು ಕೇಳಿದ ಕೆಂಚೇಶನಿಗೆ ಈಗಲೂ ತೀರ್ಮಾನಕ್ಕೆ ಬರಲಾಗಿಲ್ಲ.

ಮರುದಿನ ಅವನು ಅಂಗಡಿಯ ಕವರಿನಲ್ಲಿ ಚೀಟಿಗಳನ್ನು ಎಣಿಸಿದ. ಹನ್ನೊಂದಿದ್ದವು. ಹನ್ನೆರಡನೆಯದು ಶರಣುವಿನ ಜೇಬಿಗೆ ಹೋಯಿತೋ, ಗೋಣೆಪ್ಪನ ಡ್ರಾಯರಿಗೋ, ಬೇಕರಿಯ ಕಸಕ್ಕೋ ಗೊತ್ತಿಲ್ಲ. ಕೈ ಬದಲಿಸಿ ಬರೆದರೂ, ಹತ್ತು ವರ್ಷದಿಂದ ದಿನಕ್ಕೆ ಇಪ್ಪತ್ತು ಚೀಟಿ ಓದುವ ಗೋಣೆಪ್ಪನಿಗೆ ಆ ಅಕ್ಷರದ ಗುರುತು ಸಿಕ್ಕಿತ್ತೇ? ಅವನು ಹೇಳಿಲ್ಲ, ಇವನು ಕೇಳಿಲ್ಲ. ಕೆಂಚೇಶನಿಗೆ ಗೊತ್ತಿಲ್ಲದ್ದು ನನಗೂ ಗೊತ್ತಿಲ್ಲ.